ಬರ್ಮಿಂಗ್‌ಹ್ಯಾಮ್ ಪಾಲಿಕೆಯ ಖಜಾನೆ ಬರಿದಾಗಿದ್ದು ಹೇಗೆ?

2024ರ ಮಾರ್ಚ್ 5ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಸಿಟಿ ಕೌನ್ಸಿಲ್ ತನ್ನ ಬಜೆಟ್ ಪಾಸು ಮಾಡಿತು. ಎರಡು ವರ್ಷದಲ್ಲಿ ಸುಮಾರು 30 ಕೋಟಿ ಪೌಂಡ್ ಖರ್ಚು ಕಡಿತ. ಜನ ಕಟ್ಟುವ ಕೌನ್ಸಿಲ್ ಟ್ಯಾಕ್ಸ್, ಅಂದರೆ ಮನೆ ತೆರಿಗೆ, ಒಂದೇ ಸಲಕ್ಕೆ ಶೇ 9.99 ಏರಿತು. ಮರುವರ್ಷ ಮತ್ತೆ ಶೇ 7.49. ಬೀದಿದೀಪಗಳ ಬೆಳಕು ತಗ್ಗಿಸುವುದು, ಕಲಾ ಸಂಸ್ಥೆಗಳ ಅನುದಾನವನ್ನು ಮೊದಲು ಅರ್ಧಕ್ಕಿಳಿಸಿ ಆಮೇಲೆ ಪೂರ್ತಿ ನಿಲ್ಲಿಸುವುದು, ಮಕ್ಕಳು, ಯುವಜನರು ಮತ್ತು ವಯಸ್ಸಾದವರ ಸೇವೆಗಳಿಗೆ ಕತ್ತರಿ, 600ರವರೆಗೆ ಹುದ್ದೆ ಕಡಿತ. ಈ ಕಡಿತಗಳೆಲ್ಲ ಒಂದೇ ಬಜೆಟ್‌ನಲ್ಲಿ ಬಂದವು.

ವಿಕ್ಟೋರಿಯಾ ಸ್ಕ್ವೇರ್‌ನಲ್ಲಿರುವ ಕೌನ್ಸಿಲ್ ಕಟ್ಟಡದ ಮುಂದೆ ಜನ ಸೇರಿದರು. ಅವರದ್ದು ನೇರ ಪ್ರಶ್ನೆ. ನಾವು ಜಾಸ್ತಿ ಕಟ್ಟಬೇಕು, ನಮಗೆ ಸಿಗುವುದು ಮಾತ್ರ ಕಡಿಮೆ, ಹಾಗಾದರೆ ದುಡ್ಡು ಎಲ್ಲಿ ಹೋಯಿತು? ಇದಕ್ಕೆ ಒಂದು ಸಾಲಿನ ಉತ್ತರ ಇಲ್ಲ. ಉತ್ತರ ಹುಡುಕಲು ಕೆಲವು ದಶಕ ಹಿಂದಕ್ಕೆ ಹೋಗಬೇಕು.

ಒಂದು ಕಾಲದಲ್ಲಿ ಈ ಪಾಲಿಕೆ ಬೇರೆ ನಗರಗಳಿಗೆ ಮಾದರಿಯಾಗಿತ್ತು. 1870ರ ದಶಕದಲ್ಲಿ ಮೇಯರ್ ಆಗಿದ್ದ ಜೋಸೆಫ್ ಚೇಂಬರ್ಲೇನ್ ಖಾಸಗಿ ಗ್ಯಾಸ್ ಮತ್ತು ನೀರಿನ ಕಂಪನಿಗಳನ್ನು ಊರಿನ ಆಸ್ತಿಯಾಗಿ ಕೊಂಡರು. 1890ರಲ್ಲಿ ಅಮೆರಿಕದ ಹಾರ್ಪರ್ಸ್ ಪತ್ರಿಕೆ ಇದನ್ನು ಜಗತ್ತಿನಲ್ಲೇ ಅತ್ಯುತ್ತಮ ಆಡಳಿತದ ನಗರ ಎಂದು ಕರೆಯಿತು.

ಈಗಿನ ಕುಸಿತದ ಬೇರು ಸಂಬಳದ ಪಟ್ಟಿಯಲ್ಲಿದೆ. ಬ್ರಿಟನ್ನಿನಲ್ಲಿ ಸಮಾನ ವೇತನ ಕಾಯ್ದೆ ಬಂದಿದ್ದು 1970ರಲ್ಲಿ. ಆದರೂ ಪಾಲಿಕೆಯಲ್ಲಿ ಶಾಲೆಯ ಅಡುಗೆಯವರು, ಕಸ ಗುಡಿಸುವವರು, ವಯಸ್ಸಾದವರನ್ನು ನೋಡಿಕೊಳ್ಳುವವರು ಬರೀ ಸಂಬಳದಲ್ಲೇ ದುಡಿಯುತ್ತಿದ್ದರು. ಇವರಲ್ಲಿ ಹೆಚ್ಚಿನವರು ಹೆಂಗಸರು. ಅದೇ ದರ್ಜೆಯಲ್ಲಿದ್ದ ಕಸದ ಲಾರಿಯವರು, ರಸ್ತೆ ಕೆಲಸದವರು, ಗುಂಡಿ ತೋಡುವವರಿಗೆ ಬೋನಸ್ ಸಿಗುತ್ತಿತ್ತು. ಇವರಲ್ಲಿ ಹೆಚ್ಚಿನವರು ಗಂಡಸರು. 2010ರಲ್ಲಿ ಉದ್ಯೋಗ ನ್ಯಾಯಮಂಡಳಿಯ ಮುಂದೆ ಬಂದ ಒಂದು ಲೆಕ್ಕ ನೋಡಿ. ಒಂದು ವರ್ಷ ಕಸ ಸಾಗಿಸುವವನೊಬ್ಬ 51,000 ಪೌಂಡ್ ಮನೆಗೆ ಒಯ್ದಿದ್ದ. ಅದೇ ದರ್ಜೆಯ ಹೆಂಗಸರಿಗೆ 12,000 ಪೌಂಡ್ ಕೂಡ ಸಿಕ್ಕಿರಲಿಲ್ಲ. ಅಲ್ಲಿ ಗೆದ್ದಿದ್ದು ಹೆಂಗಸರು. ಗೆಲ್ಲಲೇಬೇಕಿತ್ತು.

ಪಾಲಿಕೆ ಅಲ್ಲೇ ತಪ್ಪು ಒಪ್ಪಿಕೊಂಡು ಎಲ್ಲರ ಬಾಕಿ ತೀರಿಸಬಹುದಿತ್ತು. ಅದರ ಬದಲು ಕೆಲಸ ಬಿಟ್ಟುಹೋದವರು ನ್ಯಾಯಮಂಡಳಿಗೆ ಬರುವ ಆರು ತಿಂಗಳ ಗಡುವು ದಾಟಿದೆ ಎಂದು ವಾದಿಸಿತು. ಆ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2012ರ ಅಕ್ಟೋಬರ್‌ನಲ್ಲಿ ಕೋರ್ಟು ಪಾಲಿಕೆಯ ವಿರುದ್ಧ ತೀರ್ಪು ಕೊಟ್ಟಿತು. ನ್ಯಾಯಮಂಡಳಿಯ ಗಡುವು ದಾಟಿದವರು ಸಾಮಾನ್ಯ ನ್ಯಾಯಾಲಯಕ್ಕೆ ಹೋಗಬಹುದು, ಅಲ್ಲಿ ಆರು ವರ್ಷದವರೆಗೂ ಅವಕಾಶ ಇದೆ ಎಂದಿತು. ಆ ಪ್ರಕರಣದಲ್ಲಿ ಇದ್ದವರು 174 ಮಂದಿ. ಬಾಗಿಲು ತೆರೆದುಕೊಂಡಿದ್ದು ಮಾತ್ರ ಸಾವಿರಾರು ಜನರಿಗೆ.

ವರ್ಷಗಳು ಕಳೆದಂತೆ ಪಾಲಿಕೆ ಈ ಬಾಬತ್ತಿಗೆ ಸುಮಾರು 110 ಕೋಟಿ ಪೌಂಡ್ ಕೊಟ್ಟಿತು. ದುಡ್ಡು ಹೊಂದಿಸಲು ಊರಿನ ಆಸ್ತಿ ಮಾರಬೇಕಾಯಿತು. ನ್ಯಾಷನಲ್ ಎಕ್ಸಿಬಿಷನ್ ಸೆಂಟರ್ ಎಂಬ ದೊಡ್ಡ ವಸ್ತುಪ್ರದರ್ಶನ ಕೇಂದ್ರದ ವಹಿವಾಟು 2015ರಲ್ಲಿ 30.7 ಕೋಟಿ ಪೌಂಡಿಗೆ ಕೈಬಿಟ್ಟಿತು. ಅಷ್ಟಾದರೂ ರೋಗದ ಮೂಲ ಹಾಗೇ ಉಳಿಯಿತು. ಕಸ ವಿಭಾಗದಲ್ಲಿ ಪಾಳಿ ಮುಗಿಯುವ ಮೊದಲೇ ಕೆಲಸ ಮುಗಿಸಿದವರು ಮನೆಗೆ ಹೋಗಬಹುದಿತ್ತು, ಸಂಬಳ ಪೂರ್ತಿ ಪಾಳಿಗೆ ಸಿಗುತ್ತಿತ್ತು. ಅಡುಗೆಮನೆಯ ಹೆಂಗಸರಿಗೆ ಆ ಸವಲತ್ತು ಇರಲಿಲ್ಲ. ಹಾಗಾಗಿ ಹೊಸ ದಾವೆಗಳು ಬರುತ್ತಲೇ ಇದ್ದವು.

2017ರ ಬೇಸಿಗೆಯಲ್ಲಿ ಪಾಲಿಕೆ ಕಸದ ಲಾರಿಯಲ್ಲಿನ ಒಂದು ಹುದ್ದೆಯನ್ನು ತೆಗೆಯಲು ಹೊರಟಿತು. ಲಾರಿಯ ಹಿಂಭಾಗದಲ್ಲಿ ಸುರಕ್ಷತೆ ನೋಡಿಕೊಳ್ಳುವ ಹುದ್ದೆ ಅದು. ಕೆಲಸಗಾರರು ಮುಷ್ಕರ ಹೂಡಿದರು. ಗದ್ದಲದಲ್ಲಿ ಪಾಲಿಕೆಯ ನಾಯಕ ಜಾನ್ ಕ್ಲ್ಯಾನ್ಸಿ ರಾಜೀನಾಮೆ ಕೊಟ್ಟರು. ಕೊನೆಗೆ ರಾಜಿಯಾಗಿ, ಅದೇ ಜನರಿಗೆ ಬೇರೆ ಹೆಸರಿನ ಹುದ್ದೆ ಸಿಕ್ಕಿತು. ಈ ಹುದ್ದೆಯನ್ನು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಇದರ ಜೊತೆಗೆ ಇನ್ನೆರಡು ಹೊಡೆತ ಬಿತ್ತು. 2010ರ ನಂತರ ಕೇಂದ್ರ ಸರ್ಕಾರ ಪಾಲಿಕೆಗಳ ಅನುದಾನವನ್ನು ಕಡಿತ ಮಾಡುತ್ತಾ ಬಂತು. ಅದರಿಂದ ತನಗೆ ಸುಮಾರು 100 ಕೋಟಿ ಪೌಂಡ್ ಖೋತಾ ಆಗಿದೆ ಎಂದು ಬರ್ಮಿಂಗ್‌ಹ್ಯಾಮ್ ಪಾಲಿಕೆ ಹೇಳುತ್ತದೆ. ಎರಡನೆಯದು ಸ್ವಂತ ಕೈಯಿಂದಲೇ ಆದದ್ದು. 2022ರ ಏಪ್ರಿಲ್‌ನಲ್ಲಿ ಸಂಬಳ, ಬಿಲ್ಲು, ಲೆಕ್ಕಪತ್ರ ಎಲ್ಲವನ್ನೂ ಒರಾಕಲ್ ಕಂಪ್ಯೂಟರ್ ವ್ಯವಸ್ಥೆಗೆ ಬದಲಾಯಿಸಿದರು. ಅಂದಾಜು ವೆಚ್ಚ ಸುಮಾರು 2 ಕೋಟಿ ಪೌಂಡ್ ಇತ್ತು. ವ್ಯವಸ್ಥೆ ಸರಿಯಾಗಿ ಕೆಲಸ ಮಾಡಲಿಲ್ಲ. ಯಾರಿಗೆ ಎಷ್ಟು ಕೊಟ್ಟಿದ್ದೇವೆ, ಯಾರಿಂದ ಎಷ್ಟು ಬರಬೇಕು ಎಂಬುದೇ ಗೊತ್ತಾಗದ ಹಾಗಾಯಿತು. ಸರಿಪಡಿಸುವ ಖರ್ಚು ಸೇರಿ ವೆಚ್ಚ ಸುಮಾರು 10 ಕೋಟಿ ಪೌಂಡಿಗೆ ಏರುವ ಅಂದಾಜು ಬಂತು. ಅದೇ ವರ್ಷ ಜುಲೈ, ಆಗಸ್ಟ್‌ನಲ್ಲಿ ಈ ಊರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಕುಂದಾಪುರ ಕಡೆಯ ಗುರುರಾಜ ಪೂಜಾರಿ ಭಾರ ಎತ್ತುವುದರಲ್ಲಿ ಕಂಚು ಗೆದ್ದಿದ್ದು ಅಲ್ಲೇ. ಟೀವಿಯಲ್ಲಿ ಆ ಸಡಗರ ನೋಡಿದ ನಮಗೆ ಪಾಲಿಕೆಯ ಲೆಕ್ಕದ ಪುಸ್ತಕ ಆಗಲೇ ಕೆಟ್ಟಿದೆ ಎಂದು ಗೊತ್ತಾಗುವುದು ಹೇಗೆ?

2023ರ ಜೂನ್‌ನಲ್ಲಿ ವಿಷಯ ಹೊರಬಿತ್ತು. ಸಮಾನ ವೇತನದ ಬಾಕಿ 65ರಿಂದ 76 ಕೋಟಿ ಪೌಂಡ್ ಇರಬಹುದು, ಅದು ತಿಂಗಳಿಗೆ 50 ಲಕ್ಷದಿಂದ 1.4 ಕೋಟಿ ಪೌಂಡ್‌ವರೆಗೆ ಬೆಳೆಯುತ್ತಿದೆ ಎಂದು ಪಾಲಿಕೆ ಹೇಳಿತು. ಸೆಪ್ಟೆಂಬರ್ 5ರಂದು 'ಸೆಕ್ಷನ್ 114' ನೋಟಿಸ್ ಬಂತು. 1988ರ ಕಾಯ್ದೆಯ ಕಲಂ ಇದು. ಆದಾಯಕ್ಕಿಂತ ಖರ್ಚು ಮೀರುತ್ತಿದೆ ಎನಿಸಿದರೆ ಹಣಕಾಸು ಅಧಿಕಾರಿ ಈ ನೋಟಿಸ್ ಕೊಡಲೇಬೇಕು. ಕೊಟ್ಟ ಮೇಲೆ ಕಾನೂನು ಕಡ್ಡಾಯ ಮಾಡಿದ ಸೇವೆ ಬಿಟ್ಟು ಹೊಸ ಖರ್ಚೆಲ್ಲ ಬಂದ್. ಪತ್ರಿಕೆಗಳು ದಿವಾಳಿ ಎಂದು ಬರೆದವು. ಆದರೆ ಕಂಪನಿಯ ಹಾಗೆ ಪಾಲಿಕೆ ಬಾಗಿಲು ಮುಚ್ಚುವಂತಿಲ್ಲ. ಕ್ರಾಯ್ಡನ್, ಸ್ಲೌ, ಥರಕ್, ವೋಕಿಂಗ್ ಪಾಲಿಕೆಗಳೂ ಅದಕ್ಕೂ ಮೊದಲು ಇದೇ ನೋಟಿಸ್ ಕೊಟ್ಟಿದ್ದವು.

ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಪಾಲಿಕೆಯ ಆಡಳಿತದ ಮೇಲೆ ಕಣ್ಣಿಡಲು ಮ್ಯಾಕ್ಸ್ ಕ್ಯಾಲರ್ ನೇತೃತ್ವದಲ್ಲಿ ಕಮಿಷನರ್‌ಗಳನ್ನು ಕಳಿಸಿತು. ಅವರ ಖರ್ಚೂ ಪಾಲಿಕೆಯ ಮೇಲೆಯೇ. ಮುಂದೆ ಸುಮಾರು 125 ಕೋಟಿ ಪೌಂಡಿನ ವಿಶೇಷ ನೆರವು ಎಂಬ ಸುದ್ದಿ ಬಂದಾಗ ಹಲವರು ಅದನ್ನು ಸಹಾಯಧನ ಅಂದುಕೊಂಡರು. ಅದು ಸಹಾಯಧನ ಅಲ್ಲ. ಸಾಲ ಮಾಡಿ, ಆಸ್ತಿ ಮಾರಿ ಬಂದ ದುಡ್ಡನ್ನು ದಿನದ ಖರ್ಚಿಗೂ ಬಳಸಬಹುದು ಎಂಬ ಅನುಮತಿ, ಅಷ್ಟೇ.

ಕಡಿತಗಳಲ್ಲಿ ಜನರನ್ನು ತೀರಾ ಹತ್ತಿರದಿಂದ ತಟ್ಟಿದ್ದು ಗ್ರಂಥಾಲಯಗಳ ವಿಷಯ. ಊರಲ್ಲಿ 35 ಬಡಾವಣೆ ಗ್ರಂಥಾಲಯಗಳಿದ್ದವು, ಅರ್ಧಕ್ಕಿಂತ ಹೆಚ್ಚು ಮುಚ್ಚುವ ಮಾತು ಬಂತು. 1964ರ ಕಾನೂನಿನ ಪ್ರಕಾರ ಪಾಲಿಕೆ ಗ್ರಂಥಾಲಯ ಸೇವೆ ಕೊಡಲೇಬೇಕು. ಎಷ್ಟು ಕಟ್ಟಡ, ದಿನಕ್ಕೆ ಎಷ್ಟು ಗಂಟೆ ಎಂದು ಅದು ಹೇಳುವುದಿಲ್ಲ. ಜನ ಪ್ರತಿಭಟಿಸಿದರು, ಅಭಿಪ್ರಾಯ ಕೇಳುವ ಸಭೆಗಳಲ್ಲಿ ಪಟ್ಟು ಹಿಡಿದರು. ಪಾಲಿಕೆ ಅಷ್ಟೊಂದು ಮುಚ್ಚುವುದರಿಂದ ಹಿಂದೆ ಸರಿದು, ಬಾಗಿಲು ತೆರೆಯುವ ಸಮಯ ಕಡಿಮೆ ಮಾಡುವ ದಾರಿ ಹಿಡಿಯಿತು. ಮನೆಯಲ್ಲಿ ಹೀಟರ್ ಹಾಕಲು ದುಡ್ಡಿಲ್ಲದವರಿಗೆ, ಕಂಪ್ಯೂಟರ್ ಇಲ್ಲದ ಮಕ್ಕಳಿಗೆ ವಾರದಲ್ಲಿ ಎರಡು ದಿನ ಬಾಗಿಲು ಮುಚ್ಚಿದರೂ ಅದು ದೊಡ್ಡ ಕಡಿತವೇ.

2025ರಲ್ಲಿ ಆ ಹುದ್ದೆ ಮತ್ತೆ ಬಂತು. 2017ರ ರಾಜಿಯಲ್ಲಿ ಹುಟ್ಟಿದ ಹುದ್ದೆ ಇದ್ದರೆ ಸಮಾನ ವೇತನದ ದಾವೆಗಳು ಮತ್ತೆ ಬರುತ್ತವೆ ಎಂದು ಪಾಲಿಕೆ ಅದನ್ನು ತೆಗೆದುಹಾಕಿತು. ಕೆಲವರ ಸಂಬಳ ವರ್ಷಕ್ಕೆ 8,000 ಪೌಂಡ್‌ವರೆಗೆ ಇಳಿಯುತ್ತದೆ ಎಂದು ಯುನೈಟ್ ಕಾರ್ಮಿಕ ಸಂಘ ಹೇಳಿತು, ಪಾಲಿಕೆ ಆ ಲೆಕ್ಕ ಒಪ್ಪಲಿಲ್ಲ. ಮಾರ್ಚ್ 11ರಿಂದ ಅನಿರ್ದಿಷ್ಟ ಮುಷ್ಕರ. ಮಾರ್ಚ್ 31ರಂದು ಪಾಲಿಕೆ ತುರ್ತು ಪರಿಸ್ಥಿತಿ ಘೋಷಿಸಿತು. ಆಗ ಬೀದಿಗಳಲ್ಲಿ 17,000 ಟನ್ ಕಸ ಬಿದ್ದಿತ್ತು, ಇಲಿಗಳ ಕಾಟ ಬೇರೆ. ವರ್ಷ ಮುಗಿದರೂ ಮುಷ್ಕರ ಮುಗಿಯಲಿಲ್ಲ. ಕಡಿಮೆ ಸಂಬಳದ ಹೆಂಗಸರಿಗೆ ಆದ ಅನ್ಯಾಯ ಸರಿಮಾಡಲು ಇನ್ನೊಬ್ಬ ಕಡಿಮೆ ಸಂಬಳದವನ ಜೇಬಿಗೆ ಕೈ ಹಾಕುವುದು ನನಗೆ ಒಪ್ಪಿಗೆಯಾಗುವುದಿಲ್ಲ. ದಾವೆ ಹೂಡಿದ ಹೆಂಗಸರು ಊರನ್ನು ದಿವಾಳಿ ಮಾಡಿದರು ಎನ್ನುವವರೂ ಇದ್ದಾರೆ. ಅದು ಸುಳ್ಳು. ಕೊಡಬೇಕಾದ ಸಂಬಳವನ್ನು ಕೊಡದೆ ದಶಕಗಟ್ಟಲೆ ಮುಂದೂಡಿದ್ದರಿಂದ ಊರಿಗೆ ಈ ಗತಿ ಬಂತು.

ಜನ ಇದನ್ನೆಲ್ಲ ಮೊದಲೇ ಯಾಕೆ ಕೇಳಲಿಲ್ಲ? ಕೇಳುವ ಹಕ್ಕು ಅವರಿಗಿದೆ. ಇಂಗ್ಲೆಂಡಿನ ಯಾವುದೇ ಮತದಾರ ವರ್ಷಕ್ಕೊಮ್ಮೆ 30 ಕೆಲಸದ ದಿನ ತನ್ನ ಪಾಲಿಕೆಯ ಲೆಕ್ಕ ತೆಗೆಸಿ ನೋಡಬಹುದು, ಲೆಕ್ಕಪರಿಶೋಧಕರಿಗೆ ತಕರಾರು ಕೊಡಬಹುದು. ಆದರೆ ಆ ಲೆಕ್ಕಗಳ ಮೇಲೆ ಕಣ್ಣಿಟ್ಟಿದ್ದ ಆಡಿಟ್ ಕಮಿಷನ್ ಎಂಬ ಸಾರ್ವಜನಿಕ ಸಂಸ್ಥೆಯನ್ನು ಸರ್ಕಾರ ಉಳಿತಾಯದ ಹೆಸರಲ್ಲಿ 2015ರಲ್ಲಿ ಮುಚ್ಚಿತ್ತು. ಕೆಲಸ ಪೂರ್ತಿ ಖಾಸಗಿ ಸಂಸ್ಥೆಗಳಿಗೆ ಹೋಯಿತು, ಪರಿಶೋಧನೆಯಾಗದ ಲೆಕ್ಕಗಳ ಬಾಕಿ ಬೆಳೆಯಿತು. 2023ರ ಸೆಪ್ಟೆಂಬರ್‌ಗೆ ಇಂಗ್ಲೆಂಡಿನಲ್ಲಿ ಹಿಂದಿನ ಆರ್ಥಿಕ ವರ್ಷದ ಲೆಕ್ಕವನ್ನು ಸಮಯಕ್ಕೆ ಸರಿಯಾಗಿ ಪರಿಶೋಧನೆ ಮಾಡಿಸಿದ ಸ್ಥಳೀಯ ಸಂಸ್ಥೆಗಳು ಶೇ 1 ಮಾತ್ರ. ಬಾಕಿ ಉಳಿದಿದ್ದ ವರದಿಗಳು 918.

ಈ ಬಾಕಿ ತೀರಿಸಲು ಸರ್ಕಾರ 2024ರ ಡಿಸೆಂಬರ್ 13ರ ಗಡುವು ಹಾಕಿತು. 2022-23ರವರೆಗಿನ ಲೆಕ್ಕ ಪೂರ್ತಿ ನೋಡಿ ಮುಗಿಯದಿದ್ದರೆ, ಅಭಿಪ್ರಾಯ ಹೇಳಲು ಆಗುವುದಿಲ್ಲ ಎಂದು ಬರೆದು ಕಡತ ಮುಚ್ಚಬಹುದು ಎಂದಿತು. ನೂರಾರು ಕಡತಗಳು ಹಾಗೆಯೇ ಮುಚ್ಚಿದವು. ಅದೇ ತಿಂಗಳು, ಪಾಲಿಕೆಗಳ ಲೆಕ್ಕ ನೋಡಲು ಹೊಸದೊಂದು ಸಾರ್ವಜನಿಕ ಕಚೇರಿ ತೆರೆಯುವ ಯೋಜನೆಯನ್ನೂ ಸರ್ಕಾರ ಪ್ರಕಟಿಸಿತು.