ಲೋಹ ಹೆಪ್ಪುಗಟ್ಟುವ ಹೊತ್ತು: ಮೂಸೆಯಿಂದ ಪ್ರಿಂಟರ್‌ವರೆಗೆ

ಈಚೆಗೆ ಬೆಂಗಳೂರಿನ ಸುದ್ದಿಗಳಲ್ಲಿ ಲೋಹದ ಮಾತು ಜಾಸ್ತಿಯಾಗಿದೆ. ಒಂದು ದಿನ ಜೆಟ್ ಎಂಜಿನ್ನಿನ ಒಂಟಿ ಹರಳಿನ ಬ್ಲೇಡು. ಇನ್ನೊಂದು ದಿನ ತ್ರೀಡಿ ಪ್ರಿಂಟರ್‌ನಲ್ಲಿ ಮಾಡಿದ ರಾಕೆಟ್ ಎಂಜಿನ್. ಮತ್ತೊಂದು ದಿನ ಎಲೆಕ್ಟ್ರಿಕ್ ಗಾಡಿಗಳಿಗೆ ಗುಜರಿ ಕರಗಿಸಿದ ಅಲ್ಯುಮಿನಿಯಂ ಸಾಕೇ ಎಂಬ ಚರ್ಚೆ. ಓದುವವರಿಗೆ ಇವು ಮೂರು ಬೇರೆ ಬೇರೆ ಕಥೆಗಳು. ಬುಡದಲ್ಲಿರುವ ಪ್ರಶ್ನೆ ಮಾತ್ರ ಒಂದೇ. ಕರಗಿದ ಲೋಹ ಗಟ್ಟಿಯಾಗುವ ಆ ಸ್ವಲ್ಪ ಹೊತ್ತಿನಲ್ಲಿ ಒಳಗೆ ಏನು ನಡೆಯುತ್ತದೆ?

ಅಡುಗೆಮನೆಯಿಂದಲೇ ಶುರು ಮಾಡಬಹುದು. ಸಕ್ಕರೆ ಪಾಕವನ್ನು ಅಲುಗಾಡಿಸದೆ ದಿನಗಟ್ಟಲೆ ಬಿಟ್ಟರೆ ದಪ್ಪ ದಪ್ಪ ಕಲ್ಲುಸಕ್ಕರೆ ಬೆಳೆಯುತ್ತದೆ. ಅದೇ ಪಾಕವನ್ನು ಇಳಿಸಿ ಜೋರಾಗಿ ತಿರುವಿದರೆ ಹಿಟ್ಟಿನಂಥ ಪುಡಿ ಆಗುತ್ತದೆ. ಸಕ್ಕರೆ ಅದೇ, ಪಾತ್ರೆಯೂ ಅದೇ. ಲೋಹದಲ್ಲೂ ಹೀಗೇ. ಬೇಗ ಆರಿದರೆ ಹರಳು ಸಣ್ಣದು, ನಿಧಾನವಾಗಿ ಆರಿದರೆ ದೊಡ್ಡದು. ಹಾಲಿಗೆ ಹೆಪ್ಪು ಹಾಕುವಂತೆ ಕರಗಿದ ಅಲ್ಯುಮಿನಿಯಂಗೆ ಟೈಟಾನಿಯಂ, ಬೋರಾನ್ ಸೇರಿದ ಸಣ್ಣ ತುಂಡು ಹಾಕುತ್ತಾರೆ. ಅದರ ಕಣಗಳ ಸುತ್ತ ಲೆಕ್ಕವಿಲ್ಲದಷ್ಟು ಹರಳುಗಳು ಒಟ್ಟಿಗೇ ಹುಟ್ಟುತ್ತವೆ. ಜಾಗ ಸಾಲದೆ ಯಾವುದೂ ದೊಡ್ಡದಾಗುವುದಿಲ್ಲ.

ಈ ವಿದ್ಯೆಗೆ ನಮ್ಮ ನೆಲದಲ್ಲಿ ಹಳೆಯ ಬೇರಿದೆ. ಜಗತ್ತು ‘ವೂಟ್ಸ್’ ಎಂದು ಕರೆಯುವ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಎಂಬ ಮಾತಿನಿಂದಲೇ ಹೋದದ್ದು ಎಂದು ಬಹಳ ಮಂದಿ ವಿದ್ವಾಂಸರು ಒಪ್ಪುತ್ತಾರೆ. ಮೈಸೂರು ಸೀಮೆಯಲ್ಲಿ ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಜತೆ ಕಟ್ಟಿಗೆ, ಎಲೆ ತುಂಬಿ, ಬಾಯಿ ಮುಚ್ಚಿ ಕಾಯಿಸುತ್ತಿದ್ದುದನ್ನು 1800ರ ಸುಮಾರಿಗೆ ಇಲ್ಲಿ ಸುತ್ತಾಡಿದ ಫ್ರಾನ್ಸಿಸ್ ಬುಕಾನನ್ ಬರೆದಿಟ್ಟಿದ್ದಾನೆ. ಈ ಉಕ್ಕಿನಿಂದ ಮಾಡಿದ ಕತ್ತಿಗಳ ಮೇಲೆ ನೀರಿನ ಅಲೆಯಂಥ ಗೆರೆಗಳು ಕಾಣುತ್ತಿದ್ದವು. ಅದರ ಗುಟ್ಟು ಹುಡುಕಲು ಹೊರಟವರಲ್ಲಿ ಲಂಡನ್ನಿನ ಮೈಕಲ್ ಫ್ಯಾರಡೆಯೂ ಒಬ್ಬ. 1819ರಿಂದ 1822ರವರೆಗೆ ಅವನು ಉಕ್ಕಿಗೆ ಏನೇನೋ ಬೆರೆಸಿ ನೋಡಿದ. ಒಳಗೆ ಯಾವ ವಸ್ತು ಇದೆ ಎಂಬುದೇ ಅವನ ಮುಖ್ಯ ಪ್ರಶ್ನೆಯಾಗಿತ್ತು. ಉತ್ತರದ ದೊಡ್ಡ ಭಾಗ ಸಿಕ್ಕಿದ್ದು 1990ರ ದಶಕದಲ್ಲಿ, ಅಮೆರಿಕದ ಜಾನ್ ವರ್‌ಹೋವನ್ ಮತ್ತು ಆಲ್ಫ್ರೆಡ್ ಪೆಂಡ್ರೆ ಮಾಡಿದ ಕೆಲಸದಿಂದ. ಉಕ್ಕಿನಲ್ಲಿ ಲಕ್ಷಕ್ಕೆ ಕೆಲವೇ ಪಾಲು ವೆನೇಡಿಯಂ ಎಂಬ ಲೋಹ ಇದ್ದರೂ ಸಾಕು. ಉಕ್ಕು ಮೂಸೆಯಲ್ಲಿ ನಿಧಾನವಾಗಿ ಹೆಪ್ಪುಗಟ್ಟುವಾಗ ಆ ವೆನೇಡಿಯಂ ಹರಳಿನ ಕೊಂಬೆಗಳ ನಡುವಿನ ಸಂದಿಗೆ ಸರಿಯುತ್ತದೆ. ಆಮೇಲೆ ಮತ್ತೆ ಮತ್ತೆ ಕಾಯಿಸಿ ಬಡಿದಾಗ ಅದೇ ಸಂದಿಗಳ ಸಾಲಿನಲ್ಲಿ ಕಬ್ಬಿಣ, ಇಂಗಾಲ ಸೇರಿದ ಕಾರ್ಬೈಡ್ ಕಣಗಳು ಕೂರುತ್ತವೆ. ಕತ್ತಿಯ ಮೇಲಿನ ಅಲೆ ಅದೇ.

ಏನಿದೆ ಎಂದು ಕೇಳುವುದು, ಹೇಗೆ ಗಟ್ಟಿಯಾಯಿತು ಎಂದು ಕೇಳದಿರುವುದು: ಈ ಅಭ್ಯಾಸ ಫ್ಯಾರಡೆಯ ಕಾಲಕ್ಕೆ ಮುಗಿಯಲಿಲ್ಲ.

ಕೊಂಬೆ ಎಂದೆ. ಅದು ಬರೀ ಹೋಲಿಕೆ ಅಲ್ಲ. ಮಿಶ್ರಲೋಹ ಗಟ್ಟಿಯಾಗುವಾಗ ಹರಳು ಜರಿಗಿಡದ ಎಲೆಯ ಹಾಗೆ ಬೆಳೆಯುತ್ತದೆ. ನಡುವೆ ಒಂದು ದಂಟು, ಅದರ ಎರಡು ಕಡೆ ಕೊಂಬೆ, ಕೊಂಬೆಗೆ ಮತ್ತೆ ಕವಲು. ಇದಕ್ಕೆ ಡೆಂಡ್ರೈಟ್ ಎನ್ನುತ್ತಾರೆ. ಸಾಮಾನ್ಯವಾಗಿ ಸೂಕ್ಷ್ಮದರ್ಶಕ ಇಲ್ಲದೆ ಕಾಣುವುದಿಲ್ಲ. ಆದರೆ ಹತ್ತೊಂಬತ್ತನೇ ಶತಮಾನದಲ್ಲಿ ರಷ್ಯಾದ ದ್ಮಿತ್ರಿ ಚೆರ್ನೋವ್‌ಗೆ 100 ಟನ್ನಿನ ಉಕ್ಕಿನ ಗಟ್ಟಿಯ ಟೊಳ್ಳಿನೊಳಗೆ 39 ಸೆಂಟಿಮೀಟರ್ ಉದ್ದದ್ದು ಸಿಕ್ಕಿತ್ತು! ಕೊಂಬೆ ಮೊದಲು ಗಟ್ಟಿಯಾಗುತ್ತದೆ. ತನಗೆ ಬೇಡದ್ದನ್ನೆಲ್ಲ ಸುತ್ತಲಿನ ದ್ರವಕ್ಕೆ ತಳ್ಳುತ್ತದೆ. ಕೊನೆಗೆ ಉಳಿಯುವ ಆ ದ್ರವದಲ್ಲಿ ಕಲ್ಮಶ, ಗಾಳಿಗುಳ್ಳೆ, ಪೆಡಸು ಕಣ ಎಲ್ಲ ಸೇರಿಕೊಳ್ಳುತ್ತವೆ.

ಬೆಂಗಳೂರಿನ ದಶಕಗಳನ್ನು ಒಂದೇ ಉಸಿರಿನಲ್ಲಿ ಹೇಳಬಹುದು. 1940ರಲ್ಲಿ ಎಚ್‌ಎಎಲ್, 1945ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಜನ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಲೋಹಶಾಸ್ತ್ರ ವಿಭಾಗ, 1953ರಲ್ಲಿ ಎಚ್‌ಎಂಟಿ, ಆಮೇಲೆ ಪೀಣ್ಯದ ಕೈಗಾರಿಕಾ ಪ್ರದೇಶ. ವಿಮಾನ, ಲೇತು, ಪಂಪು, ಸ್ಕೂಟರು, ಎಲ್ಲಕ್ಕೂ ಎರಕ ಬೇಕಾಯಿತು.

ನನಗೆ ಚೆನ್ನಾಗಿ ಗೊತ್ತಿರುವುದು ಅಲ್ಯುಮಿನಿಯಂ ಎರಕ. ಹಾಗಾಗಿ ಅಲ್ಲೇ ಸ್ವಲ್ಪ ನಿಲ್ಲುತ್ತೇನೆ.

ಪೀಣ್ಯದ ಎರಕದ ಶಾಪುಗಳಲ್ಲಿ ಎಲ್‌ಎಂ6, ಎಲ್‌ಎಂ25 ಎಂಬ ಹೆಸರು ಕೇಳದ ದಿನವಿಲ್ಲ. ಎರಡೂ ಅಲ್ಯುಮಿನಿಯಂ ಮತ್ತು ಸಿಲಿಕಾನ್ ಬೆರೆತವು. ಎಲ್‌ಎಂ25ರಲ್ಲಿ ಸಿಲಿಕಾನ್ ಸುಮಾರು 7 ಪರ್ಸೆಂಟ್, ಜತೆಗೆ ಚೂರು ಮೆಗ್ನೀಸಿಯಂ. ಲೋಹ ಸುಮಾರು 615 ಡಿಗ್ರಿಗೆ ಗಟ್ಟಿಯಾಗಲು ಶುರುವಾಗುತ್ತದೆ. ಮೊದಲು ಅಲ್ಯುಮಿನಿಯಂ ಕೊಂಬೆಗಳು ಬರುತ್ತವೆ. 577 ಡಿಗ್ರಿಯ ಆಸುಪಾಸಿನಲ್ಲಿ, ಉಳಿದ ದ್ರವದೊಳಗೆ, ಸಿಲಿಕಾನ್ ಬರುತ್ತದೆ. ಹಾಗೇ ಬಿಟ್ಟರೆ ಅದು ಗಾಜಿನ ಚೂರಿನಂಥ ಚಪ್ಪಟೆ ತುಂಡುಗಳಾಗಿ ಕೂರುತ್ತದೆ. ಬಿರುಕು ಅಲ್ಲಿಂದಲೇ ಹೊರಡುತ್ತದೆ. ಒಂದಿಷ್ಟು ಸೋಡಿಯಂ ಹಾಕಿದರೆ ಸಿಲಿಕಾನ್ ಸಣ್ಣ ನಾರಿನಂತೆ ಬೆಳೆಯುತ್ತದೆ ಎಂದು 1920ರ ಹೊತ್ತಿಗೆ ಅಲಾದಾರ್ ಪಾಕ್ಸ್ ಕಂಡುಕೊಂಡ. ಈಗ ಬಹಳ ಕಡೆ ಸ್ಟ್ರಾಂಷಿಯಂ ಹಾಕುತ್ತಾರೆ.

ಆದರೆ ಔಷಧಿ ಹಾಕಿಬಿಟ್ಟರೆ ಆಗಲಿಲ್ಲ. ಎಷ್ಟು ಹೊತ್ತಿನಲ್ಲಿ ಗಟ್ಟಿಯಾಯಿತು ಎನ್ನುವುದು ದೊಡ್ಡ ವಿಷಯ. 1940ರಲ್ಲಿ ನಿಕೊಲಾಸ್ ಚ್ವೊರಿನೋವ್ ಹೇಳಿದ ಲೆಕ್ಕ ಇವತ್ತಿಗೂ ಫೌಂಡ್ರಿಗಳಲ್ಲಿ ನಡೆಯುತ್ತದೆ: ಗೋಡೆಯ ದಪ್ಪ 2 ಪಟ್ಟಾದರೆ ಗಟ್ಟಿಯಾಗುವ ಹೊತ್ತು ಸುಮಾರು 4 ಪಟ್ಟಾಗುತ್ತದೆ. ಆ ಹೊತ್ತು 8 ಪಟ್ಟಾದರೆ ಕೊಂಬೆಗಳ ನಡುವಿನ ಅಂತರ ಸುಮಾರು 2 ಪಟ್ಟು. ಅಂತರ ಹೆಚ್ಚಾದಷ್ಟೂ ಅದರೊಳಗಿನ ಟೊಳ್ಳು, ಪೆಡಸು ಕಣ ಎರಡೂ ದೊಡ್ಡವಾಗುತ್ತವೆ. ಬಾಗದೆ ಮುರಿಯುವ ಗುಣ ಬರುತ್ತದೆ.

ವರ್ಷಗಳ ಹಿಂದೆ ನಾನಿದ್ದ ಶಾಪಿನಲ್ಲಿ ಎಲ್‌ಎಂ25ರ ಪಂಪ್ ಬಾಡಿಗಳು ಬೋಲ್ಟ್ ಕೂರುವ ದಪ್ಪ ಜಾಗದಲ್ಲೇ ಬಿರುಕು ಬಿಡತೊಡಗಿದವು. ಲೋಹದಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಹೇಳುವ ಸ್ಪೆಕ್ಟ್ರೋ ರಿಪೋರ್ಟ್ ಸರಿಯಾಗಿತ್ತು. ಬಲ ನೋಡಲೆಂದೇ ಹೊಯ್ದ ಕೋಲು, ಅಂದರೆ ಟೆಸ್ಟ್ ಬಾರ್, ಎಳೆದು ಮುರಿದದ್ದೂ ಸರಿಯಾಗಿತ್ತು. ಕಾಗದದ ಪ್ರಕಾರ ತಪ್ಪೇ ಇಲ್ಲ. ಕೊನೆಗೆ ಒಂದು ಬಾಡಿಯನ್ನು ಕೊಯ್ದು, ಉಜ್ಜಿ ಹೊಳಪು ಮಾಡಿ ಸೂಕ್ಷ್ಮದರ್ಶಕದ ಕೆಳಗಿಟ್ಟೆವು. ತೆಳು ಪಕ್ಕೆಯಲ್ಲಿ ಕೊಂಬೆಗಳ ಅಂತರ 30 ಮೈಕ್ರಾನ್. ಬಿರುಕು ಬಿಟ್ಟ ಜಾಗದಲ್ಲಿ 80ರ ಹತ್ತಿರ, ಅಂದರೆ ಒಂದು ತಲೆಗೂದಲಿನ ದಪ್ಪ. ಒಂದೇ ಸೌಟಿನಿಂದ ಹೊಯ್ದ ಲೋಹ, ಒಂದೇ ತುಂಡಿನೊಳಗೆ ಎರಡು ಲೋಹವಾಗಿತ್ತು. ಅಚ್ಚಿನಲ್ಲಿ ಆ ಜಾಗಕ್ಕೆ ಚಿಲ್ ಎಂಬ ಒಂದು ಕಬ್ಬಿಣದ ತುಂಡು ಇಟ್ಟೆವು. ಅದು ಕಾವನ್ನು ಬೇಗ ಎಳೆದುಕೊಳ್ಳುತ್ತದೆ. ಬಿರುಕು ನಿಂತಿತು.

ಟೆಸ್ಟ್ ಬಾರ್ ಯಾಕೆ ಹೇಳಲಿಲ್ಲ? ಅದನ್ನು ಬೇರೆ ಅಚ್ಚಿನಲ್ಲಿ, ಬೇರೆ ದಪ್ಪಕ್ಕೆ ಹೊಯ್ದಿರುತ್ತಾರೆ. ಅದು ಹೆಪ್ಪುಗಟ್ಟಿದ ರೀತಿಯೇ ಬೇರೆ. ಲೋಹ ಚೆನ್ನಾಗಿದೆ ಎಂದು ಅದು ಹೇಳುತ್ತದೆ, ತುಂಡು ಚೆನ್ನಾಗಿದೆ ಎಂದಲ್ಲ. ಈ ಎರಡನ್ನೂ ಒಂದೇ ಎಂದುಕೊಂಡು ಇಡೀ ವ್ಯಾಪಾರ ನಡೆಯುತ್ತಿದೆ. ಕೊಳ್ಳುವವರು ಕೇಳುವುದು ಒಂದು ಹಾಳೆ, ಮಾಡುವವರು ಕೊಡುವುದು ಅದೇ ಹಾಳೆ. ಯಾರದೂ ಕೆಟ್ಟ ಉದ್ದೇಶವಲ್ಲ. ರೂಢಿ ಹಾಗೆ ಬಂದಿದೆ.

ಮಳೆಗಾಲದ್ದು ಇನ್ನೊಂದು ಪಾಡು. ತೇವದ ಗಾಳಿಯಿಂದ ಕರಗಿದ ಅಲ್ಯುಮಿನಿಯಂ ಹೈಡ್ರೋಜನ್ ಎಳೆದುಕೊಳ್ಳುತ್ತದೆ. ಗಟ್ಟಿಯಾದ ಮೇಲೆ ಅದರ ಇಪ್ಪತ್ತನೇ ಒಂದು ಪಾಲನ್ನಷ್ಟೇ ಇಟ್ಟುಕೊಳ್ಳಬಲ್ಲದು. ಉಳಿದದ್ದು ಗುಳ್ಳೆಯಾಗಿ ಕೊಂಬೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಜೂನ್ ಬಂದರೆ ಲೀಕ್ ಟೆಸ್ಟಿನಲ್ಲಿ ಹೋಗುವ ತುಂಡುಗಳು ಜಾಸ್ತಿ ಎಂದು ಹಳೆಯ ಕುಲುಮೆಯವರು ಹೇಳಿದರೆ ಅದು ಸುಮ್ನೆ ಮಾತಲ್ಲ.

ಗುಜರಿಯ ಪ್ರಶ್ನೆ ಬರುವುದೂ ಇಲ್ಲೇ. ಜಾಲಿ ಮೊಹಲ್ಲಾದಂಥ ಗುಜರಿ ಪೇಟೆಗಳಿಂದ ಬರುವ ಹಳೆ ಅಲ್ಯುಮಿನಿಯಂನಲ್ಲಿ ಸ್ಕ್ರೂ, ಬೋಲ್ಟಿನ ಕಬ್ಬಿಣ ಸೇರಿರುತ್ತದೆ. ಅದನ್ನು ತೆಗೆಯುವುದು ಬಹಳ ಕಷ್ಟ. ನಿಧಾನವಾಗಿ ಗಟ್ಟಿಯಾದರೆ ಆ ಕಬ್ಬಿಣ ಉದ್ದ ಸೂಜಿಗಳಂತೆ ಬೆಳೆದು ತುಂಡನ್ನು ಪೆಡಸು ಮಾಡುತ್ತದೆ. ಬೇಗ ಗಟ್ಟಿಯಾದರೆ ಸೂಜಿ ಸಣ್ಣದಾಗೇ ನಿಲ್ಲುತ್ತದೆ. ಸ್ವಲ್ಪ ಮ್ಯಾಂಗನೀಸ್ ಹಾಕಿದರೆ ಸೂಜಿಯ ಆಕಾರವೇ ಬದಲಾಗುತ್ತದೆ. ಹಾಗಾಗಿ ‘ಗುಜರಿ ಲೋಹ ಕೆಟ್ಟದ್ದು’ ಎಂಬ ಮಾತು ಅರ್ಧ ಮಾತು. ಯಾವ ವೇಗದಲ್ಲಿ ಆರಿಸುತ್ತೀರಿ ಎಂದು ಕೇಳಿದ ಮೇಲೆಯೇ ಅದಕ್ಕೆ ಉತ್ತರ, ಅಲ್ವಾ?

ಪೀಣ್ಯದಿಂದ ಕೆಲವೇ ಕಿಲೋಮೀಟರ್ ದೂರದ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಇದೇ ಪ್ರಶ್ನೆಯನ್ನು ಇನ್ನೊಂದು ತುದಿಯಿಂದ ಕೇಳುತ್ತಿದ್ದರು. ಅತಿ ಬೇಗ ಆರಿಸಿದರೆ ಏನಾಗುತ್ತದೆ? 1960ರಲ್ಲಿ ಕ್ಯಾಲಿಫೋರ್ನಿಯಾದ ಪೋಲ್ ಡುವೆ ಮತ್ತು ಜತೆಗಾರರು ಚಿನ್ನ ಮತ್ತು ಸಿಲಿಕಾನ್ ಬೆರೆಸಿ, ಹರಳು ಕಟ್ಟಲು ಹೊತ್ತೇ ಸಿಗದಷ್ಟು ಬೇಗ ಆರಿಸಿ ಲೋಹದ ಗಾಜು ಮಾಡಿ ತೋರಿಸಿದ್ದರು. 1982ರಲ್ಲಿ ಡಾನ್ ಶೆಕ್ಟ್‌ಮನ್ ಹಾಗೆ ಆರಿಸಿದ ಅಲ್ಯುಮಿನಿಯಂ ಮ್ಯಾಂಗನೀಸ್ ಪಟ್ಟಿಯಲ್ಲಿ ಹರಳಿನ ನಿಯಮಕ್ಕೆ ಒಗ್ಗದ ಪರಮಾಣುಗಳ ಜೋಡಣೆ ಕಂಡರು. ಅದು 1984ರಲ್ಲಿ ಪ್ರಕಟವಾಯಿತು, 2011ರಲ್ಲಿ ನೊಬೆಲ್ ತಂದಿತು. ಅದು ಪ್ರಕಟವಾದ ಮರುವರ್ಷವೇ, 1985ರಲ್ಲಿ, ಟಾಟಾ ಇನ್‌ಸ್ಟಿಟ್ಯೂಟಿನ ಕೆ. ಚಟ್ಟೋಪಾಧ್ಯಾಯ, ಎಸ್. ರಂಗನಾಥನ್ ಮತ್ತು ಜತೆಗಾರರು ಆ ಬಗೆಯ ಇನ್ನೊಂದು ಜೋಡಣೆಯನ್ನು, ಸುತ್ತಿನ ಹತ್ತನೇ ಒಂದು ಪಾಲು ತಿರುಗಿಸಿದರೂ ಹಾಗೇ ಕಾಣುವಂಥದ್ದನ್ನು, ವರದಿ ಮಾಡಿದರು. ಬೆಂಗಳೂರು ಈ ವಿಷಯದಲ್ಲಿ ಜಗತ್ತಿನ ಮುಂದಿನ ಸಾಲಿನಲ್ಲಿತ್ತು. 2007ರ ಜನವರಿಯಲ್ಲಿ ಇಸ್ರೋದ ಎಸ್‌ಆರ್‌ಇ-1 ಎಂಬ, ಭೂಮಿಗೆ ಮರಳಿ ಬರುವ ಉಪಗ್ರಹ ಕಕ್ಷೆಗೆ ಹೋಗಿ 12 ದಿನಕ್ಕೆ ಬಂಗಾಳ ಕೊಲ್ಲಿಗೆ ಮರಳಿತು. ಅದರೊಳಗಿದ್ದ ಒಂದು ಪುಟ್ಟ ಕುಲುಮೆಯ ಪ್ರಯೋಗವನ್ನು ಇದೇ ಇನ್‌ಸ್ಟಿಟ್ಯೂಟ್ ಮತ್ತು ತಿರುವನಂತಪುರದ ವಿಕ್ರಂ ಸಾರಾಭಾಯ್ ಕೇಂದ್ರ ಸೇರಿ ರೂಪಿಸಿದ್ದವು. ತೂಕವೇ ಇಲ್ಲದ ಕಡೆ ಲೋಹ ಕರಗಿ ಹರಳುಗಟ್ಟುವುದನ್ನು ನೋಡುವುದು ಅದರ ಉದ್ದೇಶ. ಇಷ್ಟು ಕಲಿತ ಊರಿನಲ್ಲಿ ಅದರ ಒಂದಿಷ್ಟು ಪಾಲು ತುಮಕೂರು ರಸ್ತೆ ಹಿಡಿದು ಪೀಣ್ಯದ ಸಣ್ಣ ಕುಲುಮೆಗಳಿಗೂ ಹೋಗಬೇಕಿತ್ತು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ.

ಜೆಟ್ ಬ್ಲೇಡಿನ ಕಥೆ ಬೇಗ ಹೇಳಬಹುದು. ಬಿಸಿ ಅನಿಲದಲ್ಲಿ ತಿರುಗುವ ಬ್ಲೇಡು ಹರಳು ಹರಳಿನ ಗಡಿಯಲ್ಲಿ ನಿಧಾನವಾಗಿ ಜಗ್ಗಿ ಮುರಿಯುತ್ತದೆ. ಅದಕ್ಕೆ ಗಡಿಯನ್ನೇ ತೆಗೆದುಬಿಟ್ಟರು. ಅಚ್ಚಿನ ತಳದಿಂದ ಮಾತ್ರ ಕಾವು ಎಳೆದು, ತಿರುಚಿದ ಕಿರುದಾರಿಯಲ್ಲಿ ಒಂದೇ ಹರಳನ್ನು ಮೇಲೆ ಬಿಟ್ಟು, ಇಡೀ ಬ್ಲೇಡು ಆ ಒಂದೇ ಹರಳಾಗುವಂತೆ ಮಾಡುತ್ತಾರೆ. ಇಲ್ಲಿ ಬೇಗ ಆರಿಸುವುದಲ್ಲ, ಒಂದೇ ದಿಕ್ಕಿನಲ್ಲಿ ಆರಿಸುವುದು ವಿದ್ಯೆ. ಇದು ಕೆಲವೇ ದೇಶಗಳ ಕೈಯಲ್ಲಿದೆ. ಹೈದರಾಬಾದಿನಲ್ಲಿರುವ ಡಿಆರ್‌ಡಿಒದ ಲೋಹ ಪ್ರಯೋಗಾಲಯ ಡಿಎಂಆರ್‌ಎಲ್ ಇದನ್ನು ಕಲಿತು ಹೆಲಿಕಾಪ್ಟರ್ ಎಂಜಿನ್ನಿಗಾಗಿ ಇಂಥ 60 ಬ್ಲೇಡುಗಳನ್ನು ಎಚ್‌ಎಎಲ್‌ಗೆ ಕೊಟ್ಟಿತು ಎಂದು 2021ರ ಏಪ್ರಿಲ್‌ನಲ್ಲಿ ಡಿಆರ್‌ಡಿಒ ತಿಳಿಸಿತು. ವಿದೇಶಿ ಎಂಜಿನ್ ಒಪ್ಪಂದದ ಸುದ್ದಿ ಬಂದಾಗೆಲ್ಲ ತಂತ್ರಜ್ಞಾನ ಸಿಗುತ್ತದೆಯೇ ಎಂದು ಕೇಳುತ್ತೇವಲ್ಲ, ಆ ಪ್ರಶ್ನೆಯ ದೊಡ್ಡ ಪಾಲು ಈ ಹೆಪ್ಪುಗಟ್ಟಿಸುವ ಕಲೆಯೇ.

ಈಗ ಪ್ರಿಂಟರ್. ಲೇಸರ್ ಕಿರಣ ಲೋಹದ ಪುಡಿಯನ್ನು ಚುಕ್ಕೆ ಚುಕ್ಕೆಯಾಗಿ ಕರಗಿಸುತ್ತದೆ. ಚುಕ್ಕೆ ಸೆಕೆಂಡಿಗೆ ಲಕ್ಷಗಟ್ಟಲೆ ಡಿಗ್ರಿ ವೇಗದಲ್ಲಿ ಆರುತ್ತದೆ. ಮರಳಿನ ಅಚ್ಚಿನಲ್ಲಿ ಹತ್ತಾರು ಮೈಕ್ರಾನ್ ಇರುತ್ತಿದ್ದ ಅಂತರ ಇಲ್ಲಿ ಒಂದು ಮೈಕ್ರಾನಿಗಿಂತ ಕಮ್ಮಿ. ಆದರೆ ಹರಳುಗಳು ಒಂದು ಪದರದಿಂದ ಮೇಲಿನ ಪದರಕ್ಕೆ ಕಂಬದಂತೆ ಬೆಳೆಯುತ್ತವೆ. ಹಾಗಾಗಿ ನಿಂತ ದಿಕ್ಕಿನ ಬಲ ಬೇರೆ, ಅಡ್ಡ ದಿಕ್ಕಿನ ಬಲ ಬೇರೆ. 2024ರ ಮೇ 9ರಂದು ಇಸ್ರೋ ಹೀಗೆ ಮಾಡಿದ ಪಿಎಸ್4 ಎಂಜಿನ್ನನ್ನು, ಅಂದರೆ ಪಿಎಸ್‌ಎಲ್‌ವಿ ರಾಕೆಟ್ಟಿನ ನಾಲ್ಕನೇ ಹಂತದ ಎಂಜಿನ್ನನ್ನು, 665 ಸೆಕೆಂಡು ಉರಿಸಿ ನೋಡಿತು. 14 ಬಿಡಿಭಾಗ ಇದ್ದದ್ದು ಒಂದೇ ತುಂಡಾಗಿತ್ತು, 19 ವೆಲ್ಡಿಂಗ್ ಜೋಡಣೆ ಹೋಗಿದ್ದವು. ಪ್ರಿಂಟ್ ಮಾಡಿಕೊಟ್ಟದ್ದು ಬೆಂಗಳೂರಿನ ವಿಪ್ರೋ ತ್ರೀಡಿ.

ಇಂಥ ಯಂತ್ರದಲ್ಲಿ ಲೇಸರಿನ ಶಕ್ತಿ, ವೇಗ, ಪದರದ ದಪ್ಪ ಎಲ್ಲವೂ ದಾಖಲಾಗುತ್ತವೆ. ತುಂಡು ಹೇಗೆ ಗಟ್ಟಿಯಾಯಿತು ಎಂಬ ಕಥೆ ತುಂಡಿನ ಜತೆಗೇ ಹೋಗುತ್ತದೆ. ಸಾಮಾನ್ಯ ಎರಕದಲ್ಲೂ ಇದು ಆಗದ ಕೆಲಸವಲ್ಲ. ಅಚ್ಚಿಗೆ ಕಾವು ಅಳೆಯುವ ಒಂದು ಥರ್ಮೋಕಪಲ್, ಹೊಯ್ಯುವಾಗಿನ ಕಾವು ಬರೆದಿಡಲು ಒಂದು ಪುಸ್ತಕ, ವಾರಕ್ಕೊಂದು ತುಂಡು ಕೊಯ್ದು ನೋಡುವ ಅಭ್ಯಾಸ ಸಾಕು. ಕಾರಿನ ಸಿಲಿಂಡರ್ ಹೆಡ್ಡಿನ ಕೆಲವು ಡ್ರಾಯಿಂಗುಗಳಲ್ಲಿ ಆಗಲೇ ಒಂದು ಸಾಲು ಇರುತ್ತದೆ: ಈ ಜಾಗದಲ್ಲಿ ಕೊಂಬೆಗಳ ಅಂತರ ಇಷ್ಟು ಮೈಕ್ರಾನ್ ಮೀರಬಾರದು. ಆ ಸಾಲಿರುವ ಡ್ರಾಯಿಂಗ್ ಬಂದ ದಿನ ಶಾಪಿನವರು ಚಿಲ್ ಎಲ್ಲಿಡಬೇಕು ಎಂದು ಲೋಹ ಹೊಯ್ಯುವ ಮೊದಲೇ ಕೂತು ಮಾತಾಡುತ್ತಾರೆ.