ಏರ್ ಲಾಕ್: ಹಳೇ ಕಾರಿನ ಒಂದು ಮಾತು, ಅದರೊಳಗಿನ ಮೂರು ಅರ್ಥ

ಮಂಡ್ಯದ ಕಡೆ ಹಳೇ ಕಾರು ಇಟ್ಟುಕೊಂಡವರೆಲ್ಲ ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ. ಗಾಡಿ ರಸ್ತೆಯಲ್ಲಿ ನಿಂತಿದೆ. ಮೆಕ್ಯಾನಿಕ್ ಬಂದು ಬಾನೆಟ್ ಎತ್ತುತ್ತಾರೆ. ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬೊರೇಟರ್‌ಗೆ ಬರುವ ಪೈಪ್ ಬಿಚ್ಚಿ ನೋಡುತ್ತಾರೆ. ಪೆಟ್ರೋಲ್ ಇಲ್ಲ. "ಏರ್ ಲಾಕ್ ಆಗೈತೆ ಸಾರ್" ಅನ್ನುತ್ತಾರೆ. ಪೈಪಿಗೆ ಬಾಯಿಟ್ಟು ಎಳೆದು, ಬಂದ ಪೆಟ್ರೋಲ್ ಉಗುಳಿ, ಮತ್ತೆ ಸಿಕ್ಕಿಸುತ್ತಾರೆ. ಗಾಡಿ ಸ್ಟಾರ್ಟ್ ಆಗುತ್ತದೆ. ಹತ್ತು ಕಿಲೋಮೀಟರ್ ಹೋದ ಮೇಲೆ ಮತ್ತೆ ನಿಲ್ಲುತ್ತದೆ.

ಏರ್ ಲಾಕ್ ಅನ್ನೋದು ತಪ್ಪು ಮಾತಲ್ಲ. ಆದರೆ ಅದು ರೋಗದ ಹೆಸರಲ್ಲ. ಜ್ವರ ಇದ್ದ ಹಾಗೆ. ಜ್ವರ ಬಂದಿದೆ ಅಂದರೆ ಯಾಕೆ ಬಂತು ಅಂತ ಕೇಳಬೇಕು ಅಲ್ವಾ? ನಮ್ಮ ಕಡೆ ಗ್ಯಾರೇಜುಗಳಲ್ಲಿ ಈ ಒಂದೇ ಮಾತನ್ನು ಮೂರು ಬೇರೆ ಬೇರೆ ದೋಷಕ್ಕೆ ಬಳಸುತ್ತಾರೆ. ಒಂದರಲ್ಲಿ ಗಾಳಿ ಬರಬಾರದ ಕಡೆ ಬಂದಿರುತ್ತದೆ. ಇನ್ನೊಂದರಲ್ಲಿ ಗಾಳಿ ಬರಬೇಕಾದ ಕಡೆ ಬಂದಿರುವುದಿಲ್ಲ. ಮೂರನೆಯದರಲ್ಲಿ ಇರುವುದು ಗಾಳಿಯೇ ಅಲ್ಲ, ಪೆಟ್ರೋಲಿನ ಆವಿ. ಯಾವುದು ಅಂತ ಗೊತ್ತಾಗದೆ ಕೈ ಹಾಕಿದರೆ ದುಡ್ಡೂ ಹೋಗುತ್ತದೆ, ಗಾಡಿಯೂ ಸರಿಹೋಗುವುದಿಲ್ಲ.

ಈ ಪದದ ಮೂಲ ಅರ್ಥ ಸರಳ. ಪೈಪಿನೊಳಗೆ ಗಾಳಿ ಸೇರಿಕೊಂಡು ನೀರಿನದೋ ಎಣ್ಣೆಯದೋ ದಾರಿ ಕಟ್ಟಿಬಿಡುವುದು. ಟ್ಯಾಂಕ್ ತೊಳೆದು ನೀರು ತುಂಬಿಸಿದ ದಿನ ಮನೆಯ ನಲ್ಲಿ ಬುಸ್ ಬುಸ್ ಅಂತ ಗಾಳಿ ಬಿಡುತ್ತದಲ್ಲ, ಅದೇ. ಡೀಸೆಲ್ ಪೂರ್ತಿ ಖಾಲಿಯಾದ ಟ್ರ್ಯಾಕ್ಟರಿಗೆ ಮತ್ತೆ ಡೀಸೆಲ್ ತುಂಬಿದರೂ ಸ್ಟಾರ್ಟ್ ಆಗುವುದಿಲ್ಲ, ಸ್ಕ್ರೂ ಸಡಿಲ ಮಾಡಿ "ಏರ್ ತೆಗೀಬೇಕು". ಅದೂ ಇದೇ. ಪಂಪ್‌ಸೆಟ್ ಇರುವವರಿಗಂತೂ ಇದು ದಿನನಿತ್ಯದ ಮಾತು.

ನನಗೆ ಇದರ ಅರ್ಥ ಸರಿಯಾಗಿ ತಿಳಿದದ್ದು ಗ್ಯಾರೇಜಿನಲ್ಲಲ್ಲ, ಪಂಪ್‌ಸೆಟ್ ಪಕ್ಕದಲ್ಲಿ. ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ ನಮ್ಮ ಮನೆಯಲ್ಲಿ ಇನ್ನೂ ಇದೆ. ಸ್ಟೇರಿಂಗ್ ಪಕ್ಕದಲ್ಲೇ ಗೇರ್ ಇರುವ, 1089 ಸಿಸಿ ಎಂಜಿನ್ನಿನ ಕಾರು. ಒಂದು ಬೇಸಿಗೆಯಲ್ಲಿ ಅದು ಶ್ರೀರಂಗಪಟ್ಟಣದ ಕಡೆ ಹೊರಟಾಗಲೆಲ್ಲ ತೂಬಿನಕೆರೆ ಹತ್ತಿರ ನಿಲ್ಲಲು ಶುರುವಾಯಿತು. ಒಂದು ಗ್ಯಾರೇಜಿನಲ್ಲಿ ಟ್ಯಾಂಕಿನಿಂದ ಪೆಟ್ರೋಲ್ ತರುವ ಪಂಪ್ ಬದಲಾಯಿಸಿದರು. ಮತ್ತೆ ನಿಂತಿತು. ಕಾರ್ಬೊರೇಟರ್ ಬಿಚ್ಚಿ ರಿಪೇರಿ ಕಿಟ್ ಹಾಕಿದರು. ಮತ್ತೆ ನಿಂತಿತು. ಪ್ರತಿ ಸಲವೂ ಕಾರಣ ಅದೇ, ಏರ್ ಲಾಕ್.

ಚಿಕ್ಕಪ್ಪನಿಗೆ ವಿ.ಸಿ. ನಾಲೆ ಬಯಲಲ್ಲಿ ಗದ್ದೆ ಇದೆ. ಅವರಿಗೆ ಕಾರು ಓಡಿಸಲು ಬರುವುದಿಲ್ಲ. ನನ್ನ ಕತೆಯನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಕೇಳಿದರು. "ಟ್ಯಾಂಕ್ ತುಂಬಿದ್ದಾಗ ಕೈ ಕೊಡ್ತದಾ, ಕಮ್ಮಿ ಇದ್ದಾಗಾ?" ಯೋಚಿಸಿ ನೋಡಿದೆ. ಪ್ರತಿ ಸಲವೂ ಪೆಟ್ರೋಲ್ ಅರ್ಧಕ್ಕಿಂತ ಕೆಳಗಿತ್ತು. "ಹಂಗಾರೆ ಮೋಟ್ರು ಮುಟ್ಬೇಡ ಮಗ, ಸಕ್ಷನ್ ಪೈಪ್ ನೋಡು. ಎಳೆಯೋ ಪೈಪು ಬಿರುಕು ಬಿಟ್ರೆ ನೀರು ಸೋರಲ್ಲ, ಗಾಳಿ ಎಳ್ಕೊಳ್ತದೆ" ಅಂದರು. ಅವರ ಸಕ್ಷನ್ ಪೈಪಿನ ಜಾಯಿಂಟಿಗೆ ಆಗಲೇ ಸೈಕಲ್ ಟ್ಯೂಬ್ ಬಿಗಿಯಾಗಿ ಸುತ್ತಿತ್ತು.

ಹಾಗೇ ಆಗಿತ್ತು. ಹಿಂದೆ ಯಾವಾಗಲೋ ಟ್ಯಾಂಕಿನ ಹತ್ತಿರ ಕಬ್ಬಿಣದ ಪೈಪ್ ತುಕ್ಕು ಹಿಡಿದಾಗ ಅಷ್ಟು ಭಾಗ ಕತ್ತರಿಸಿ, ನಾಲ್ಕಿಂಚು ರಬ್ಬರ್ ಪೈಪ್ ಜೋಡಿಸಿದ್ದರು. ನೋಡಲು ಚೆನ್ನಾಗಿಯೇ ಇತ್ತು. ಬೆರಳಲ್ಲಿ ಬಗ್ಗಿಸಿದರೆ ಒಳಗಿನ ಸೀಳುಗಳು ಬಾಯಿ ಬಿಟ್ಟವು. ಟ್ಯಾಂಕ್ ತುಂಬಿದ್ದಾಗ ಪೆಟ್ರೋಲಿನ ಭಾರಕ್ಕೇ ಅಲ್ಲಿ ತುಸು ಒದ್ದೆಯಾಗುತ್ತಿತ್ತು, ಗಾಳಿ ಒಳಗೆ ಹೋಗುತ್ತಿರಲಿಲ್ಲ. ಮಟ್ಟ ಇಳಿದ ಮೇಲೆ ಅದೇ ಸೀಳು ಗಾಳಿ ಎಳೆಯುತ್ತಿತ್ತು. ಕಾರಿನ ಹಿಂದೆ ಆಗಾಗ ಬರುತ್ತಿದ್ದ ಪೆಟ್ರೋಲ್ ವಾಸನೆಗೂ ಅದೇ ಕಾರಣ. ನಾವು ಅದನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಮೂರೂ ಅರ್ಥ ಬಿಡಿಸಿಕೊಳ್ಳಲು ಪಂಪ್ ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿಯಬೇಕು. ಪದ್ಮಿನಿ, ಅಂಬಾಸಿಡರ್, ಕಾರ್ಬೊರೇಟರ್ ಇದ್ದ ಹಳೇ ಮಾರುತಿ 800, ಎಲ್ಲದರಲ್ಲೂ ಪೆಟ್ರೋಲ್ ಪಂಪ್ ಎಂಜಿನ್ನಿನ ಮೈಗೇ ಅಂಟಿಕೊಂಡಿರುತ್ತದೆ. ಎಂಜಿನ್ ತಿರುಗಿದಂತೆ ಒಂದು ಸನ್ನೆ ಆಡುತ್ತದೆ. ಅದು ಡಯಾಫ್ರಮ್ ಅನ್ನೋ ತೆಳು ಪೊರೆಯನ್ನು ಎಳೆದು ಬಿಡುತ್ತದೆ. ಟ್ಯಾಂಕ್ ಇರುವುದು ಹಿಂದೆ, ಡಿಕ್ಕಿಯ ಕಡೆ. ನಾವು ಪಂಪು ಪೆಟ್ರೋಲ್ ಎಳೆಯುತ್ತದೆ ಅನ್ನುತ್ತೇವೆ. ನಿಜವಾಗಿ ಎಳೆಯುವುದಿಲ್ಲ. ತನ್ನೊಳಗಿನ ಒತ್ತಡ ಕಡಿಮೆ ಮಾಡಿಕೊಳ್ಳುತ್ತದೆ, ಅಷ್ಟೇ. ಪೆಟ್ರೋಲನ್ನು ತಳ್ಳುವುದು ಹೊರಗಿನಿಂದ ಟ್ಯಾಂಕಿನೊಳಗೆ ಬಂದ ಗಾಳಿಯ ಒತ್ತಡ. ಬಾವಿಯ ಲೆಕ್ಕವೂ ಇದೇ. ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿ ನೀರನ್ನು ಹೆಚ್ಚೆಂದರೆ 10 ಮೀಟರ್ ಚಿಲ್ಲರೆ ಮಾತ್ರ ಮೇಲೆ ತಳ್ಳಬಲ್ಲದು. ಬಳಕೆಯಲ್ಲಿ 25 ಅಡಿ ದಾಟುವುದೇ ಕಷ್ಟ. ಅದಕ್ಕೇ ಹಿಂದೆ ಆಳದ ಬಾವಿಗಳಲ್ಲಿ ಮೋಟಾರನ್ನೇ ಒಳಗೆ ಇಳಿಸಿ ಕೂರಿಸುತ್ತಿದ್ದರು.

ಇಲ್ಲಿಂದ ಮೊದಲ ಅರ್ಥ ತಾನೇ ಬಿಚ್ಚಿಕೊಳ್ಳುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ದಾರಿಯಲ್ಲಿ ಎಲ್ಲಿ ತೂತಾದರೂ ಪೆಟ್ರೋಲಿಗಿಂತ ಸುಲಭವಾಗಿ ಗಾಳಿ ಒಳಗೆ ಬರುತ್ತದೆ. ಇದು ಏರ್ ಎಳೆಯುವುದು. ಗುರುತು ಏನು? ಪ್ಲಾಸ್ಟಿಕ್ ಫಿಲ್ಟರ್ ಇದ್ದರೆ ಒಳಗೆ ಗುಳ್ಳೆ ಗುಳ್ಳೆಯಾಗಿ ಬರುತ್ತದೆ. ರಾತ್ರಿ ನಿಲ್ಲಿಸಿದ ಗಾಡಿ ಬೆಳಿಗ್ಗೆ ಜಾಸ್ತಿ ಹೊತ್ತು ಸೆಲ್ಫ್ ಹೊಡೆಸಿಕೊಳ್ಳುತ್ತದೆ. ನಿಧಾನ ಹೋದರೆ ಸರಿ, ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ. ಪಂಪಿನ ಆ ಕಡೆ, ಅಂದರೆ ಪಂಪಿನಿಂದ ಕಾರ್ಬೊರೇಟರ್‌ಗೆ ಹೋಗುವ ಪೈಪು ಒಡೆದರೆ ಗಾಳಿ ಬರುವುದಿಲ್ಲ, ಪೆಟ್ರೋಲ್ ಹೊರಗೆ ಸೋರುತ್ತದೆ. ಅದು ಬೆಂಕಿಯ ಅಪಾಯ. ಕಂಡ ತಕ್ಷಣ ಗಾಡಿ ನಿಲ್ಲಿಸಬೇಕು.

ಪಂಪು ಸರಿಯಿದೆಯೋ ಪೈಪು ಸರಿಯಿದೆಯೋ ಅಂತ ಬೇರೆ ಮಾಡಲು ಒಂದು ಪರೀಕ್ಷೆ ಇದೆ. ದುಡ್ಡಿನ ಖರ್ಚಿಲ್ಲ. ಎಂಜಿನ್ ತಣ್ಣಗಿರಲಿ. ಕಿಡಿ ಹಾರದ ಹಾಗೆ, ಕಿಡಿ ಹುಟ್ಟಿಸುವ ಕಾಯಿಲ್‌ಗೆ ಕರೆಂಟ್ ಹೋಗುವ ಸಣ್ಣ ವೈರ್ ಬಿಚ್ಚಿ ಪಕ್ಕಕ್ಕಿಡಿ. ಹತ್ತಿರ ಯಾರೂ ಬೀಡಿ ಸಿಗರೇಟು ಹಚ್ಚಿರಬಾರದು. ಕಾರ್ಬೊರೇಟರ್ ಕಡೆಯ ಪೈಪ್ ಬಿಚ್ಚಿ ಒಂದು ಬಾಟಲಿಯೊಳಗೆ ಬಿಟ್ಟು, ಇನ್ನೊಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಚಿಮ್ಮಿ ಚಿಮ್ಮಿ ಪೆಟ್ರೋಲ್ ಬಂದರೆ ಪಂಪಿನವರೆಗೆ ಎಲ್ಲ ಚೆನ್ನಾಗಿದೆ. ಆಗ ಕಾರ್ಬೊರೇಟರ್ ಒಳಗಿನ ಕಸ, ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತು), ನೀಡಲ್ ವಾಲ್ವ್ (ಪೆಟ್ರೋಲ್ ಒಳಬರುವ ಬಾಗಿಲು) ನೋಡಬೇಕು. ಬರದಿದ್ದರೆ ಪಂಪಿಗೆ ಟ್ಯಾಂಕಿನಿಂದ ಬರುವ ಪೈಪ್ ತೆಗೆದು, ಒಂದು ಸಣ್ಣ ಹೊಸ ಪೈಪ್ ಹಾಕಿ, ಅದರ ತುದಿಯನ್ನು ಇನ್ನೊಂದು ಬಾಟಲಿಯ ಪೆಟ್ರೋಲಿಗೆ ಬಿಟ್ಟು ಮತ್ತೆ ಸೆಲ್ಫ್ ಹೊಡೆಯಿರಿ. ಈಗ ಬಂದರೆ ಪಂಪಿನ ತಪ್ಪಿಲ್ಲ, ದೋಷ ಹಿಂದಿದೆ. ಈಗಲೂ ಬರದಿದ್ದರೆ ಮಾತ್ರ ಪಂಪಿನ ಮಾತು. ಆಗ ಎಂಜಿನ್ ಆಯಿಲ್ ಅಳೆಯುವ ಕಡ್ಡಿಯನ್ನೂ ಮೂಸಿ ನೋಡಿ. ಆಯಿಲ್ ಮಟ್ಟ ಏರಿ ಪೆಟ್ರೋಲ್ ವಾಸನೆ ಬಂದರೆ ಡಯಾಫ್ರಮ್ ಹರಿದಿರಬಹುದು. ಆ ಆಯಿಲ್‌ನಲ್ಲಿ ಗಾಡಿ ಓಡಿಸಬೇಡಿ. ಈ ಎರಡು ಬಾಟಲಿಯ ಪರೀಕ್ಷೆ ಮೊದಲೇ ಗೊತ್ತಿದ್ದರೆ ನಮ್ಮ ಕಾರಿನ ಹಳೇ ಪಂಪು ಇವತ್ತೂ ಅದರ ಜಾಗದಲ್ಲೇ ಇರುತ್ತಿತ್ತು.

ಎರಡನೇ ಅರ್ಥ ಚಿಕ್ಕದು. ಟ್ಯಾಂಕಿನೊಳಗೆ ಗಾಳಿ ತಳ್ಳಬೇಕು ಅಂದೆನಲ್ಲ. ಪೆಟ್ರೋಲ್ ಕಡಿಮೆಯಾದಂತೆ ಆ ಜಾಗಕ್ಕೆ ಹೊಸ ಗಾಳಿ ಬರಬೇಕು. ಅದಕ್ಕೆ ಮುಚ್ಚಳದಲ್ಲೋ ಪಕ್ಕದ ಸಣ್ಣ ಪೈಪಿನಲ್ಲೋ ಒಂದು ತೂತು ಇರುತ್ತದೆ. ಧೂಳು ಕೂತು ಅದು ಮುಚ್ಚಿಹೋಗುತ್ತದೆ. ಅಥವಾ ಕಳೆದುಹೋದ ಮುಚ್ಚಳದ ಬದಲು ತೂತಿಲ್ಲದ ಬೇರೆ ಮುಚ್ಚಳ ಹಾಕಿರುತ್ತಾರೆ. ಗಾಡಿ ಹದಿನೈದು ಇಪ್ಪತ್ತು ನಿಮಿಷ ಚೆನ್ನಾಗಿ ಓಡಿ ನಿಲ್ಲುತ್ತದೆ. ಸ್ವಲ್ಪ ಹೊತ್ತು ಬಿಟ್ಟರೆ ಮತ್ತೆ ಓಡುತ್ತದೆ. ನಿಂತ ತಕ್ಷಣ ಮುಚ್ಚಳ ತಿರುಗಿಸಿ. ಸುಯ್ ಅಂತ ಗಾಳಿ ಒಳಗೆ ಹೋದ ಸದ್ದು ಬಂದು, ಗಾಡಿ ಕೂಡಲೇ ಸ್ಟಾರ್ಟ್ ಆದರೆ ರೋಗ ಸಿಕ್ಕಿತು. ತೂತು ಬಿಡಿಸಲು ಒಂದು ಸೂಜಿ ಸಾಕು.

ಮೂರನೆಯದು ಬೇಸಿಗೆಯ ಕಾಯಿಲೆ. ಇದರ ಸರಿಯಾದ ಹೆಸರು ವೇಪರ್ ಲಾಕ್. ಪೆಟ್ರೋಲ್ ಒಂದೇ ವಸ್ತುವಲ್ಲ, ಹಲವು ಎಣ್ಣೆಗಳ ಬೆರಕೆ. ನೀರು 100 ಡಿಗ್ರಿಗೆ ಕುದಿಯುವ ಹಾಗೆ ಇದಕ್ಕೆ ಒಂದೇ ಲೆಕ್ಕವಿಲ್ಲ. ಹಗುರ ಭಾಗ 40 ಡಿಗ್ರಿ ಆಸುಪಾಸಿನಲ್ಲೇ ಆವಿಯಾಗಲು ಶುರುವಾದರೆ, ಭಾರದ ಭಾಗಕ್ಕೆ 200 ಡಿಗ್ರಿ ಹತ್ತಿರ ಬೇಕು. ಅದರ ಮೇಲೆ, ಒತ್ತಡ ಕಡಿಮೆಯಾದರೆ ಇನ್ನೂ ಬೇಗ ಕುದಿಯುತ್ತದೆ. ಎಳೆಯುವ ಪೈಪಿನಲ್ಲಿ ಒತ್ತಡ ಕಡಿಮೆ ಅಲ್ವಾ? ಆ ಪೈಪು ಬಿಸಿ ಸೈಲೆನ್ಸರ್ ಪಕ್ಕ ಹಾದುಹೋದರೆ ಪೆಟ್ರೋಲ್ ದಾರಿಯಲ್ಲೇ ಆವಿಯಾಗುತ್ತದೆ. ಪಂಪು ಆವಿಯನ್ನು ಸುಮ್ನೆ ಹಿಗ್ಗಿಸಿ ಕುಗ್ಗಿಸುತ್ತಾ ಇರುತ್ತದೆ, ಮುಂದಕ್ಕೆ ಏನೂ ಹೋಗುವುದಿಲ್ಲ. ಕಾರ್ಬೊರೇಟರ್ ಇಲ್ಲದ ಇಂಜೆಕ್ಷನ್ ಕಾರುಗಳಲ್ಲಿ ಈ ಕಾಟ ಅಪರೂಪ. ಅವುಗಳಲ್ಲಿ ಪಂಪು ಟ್ಯಾಂಕಿನ ಒಳಗೇ ಇದ್ದು, 40 ಪಿಎಸ್‌ಐ ಹತ್ತಿರದ ಒತ್ತಡದಲ್ಲಿ ತಳ್ಳುತ್ತದೆ. ಕಾರ್ಬೊರೇಟರ್ ಕಾರಿನ ಪಂಪು ಕೊಡುವುದು ಸುಮಾರು 3 ಪಿಎಸ್‌ಐ ಮಾತ್ರ.

ಇದು ಓಡುವಾಗಿನದಕ್ಕಿಂತ ನಿಲ್ಲಿಸಿದಾಗ ಜಾಸ್ತಿ ಕಾಡುತ್ತದೆ. ಏಪ್ರಿಲ್ ಮಧ್ಯಾಹ್ನ ಬೆಂಗಳೂರಿನಿಂದ ಬಂದು, ಮದ್ದೂರಿನಲ್ಲಿ ವಡೆ ತಿಂದು ಕಾಫಿ ಕುಡಿಯಲು ಕಾಲು ಗಂಟೆ ನಿಲ್ಲಿಸಿದಿರಿ ಅಂದುಕೊಳ್ಳಿ. ಫ್ಯಾನ್ ನಿಂತಿದೆ, ಮುಂದಿನಿಂದ ಗಾಳಿ ಇಲ್ಲ. ಎಂಜಿನ್ನಿನ ಬಿಸಿಯೆಲ್ಲ ಪಂಪಿಗೆ ಏರುತ್ತದೆ. ಬಂದು ಕೂತರೆ ಗಾಡಿ ಸ್ಟಾರ್ಟ್ ಆಗಿ, ಕಾರ್ಬೊರೇಟರ್‌ನಲ್ಲಿ ಉಳಿದಿದ್ದು ಮುಗಿಯುವಷ್ಟರಲ್ಲಿ ನಿಲ್ಲುತ್ತದೆ. ಹಳೇ ಡ್ರೈವರ್‌ಗಳು ಪಂಪಿಗೆ ಒದ್ದೆ ಬಟ್ಟೆ ಸುತ್ತುತ್ತಿದ್ದುದು ಇದಕ್ಕೇ. ಅದು ಮೂಢನಂಬಿಕೆಯಲ್ಲ, ಸರಿಯಾದ ಉಪಾಯ. ಆವಿ ತಣ್ಣಗಾಗಿ ಮತ್ತೆ ಪೆಟ್ರೋಲ್ ಆಗುತ್ತದೆ. ಆದರೆ ನಿಜವಾದ ರಿಪೇರಿ ಅಂದರೆ ಪೈಪನ್ನು ಸೈಲೆನ್ಸರ್‌ನಿಂದ ದೂರ ಸರಿಸುವುದು, ಪಂಪಿಗೂ ಎಂಜಿನ್ನಿಗೂ ನಡುವೆ ಇರಬೇಕಾದ ದಪ್ಪ ಪ್ಯಾಕಿಂಗ್ ಇದೆಯೇ ಅಂತ ನೋಡುವುದು. ರಿಪೇರಿ ಮಾಡುವಾಗ ಅದನ್ನು ಬಿಟ್ಟು ತೆಳು ಗ್ಯಾಸ್ಕೆಟ್ ಮಾತ್ರ ಹಾಕಿರುವುದೂ ಉಂಟು.

ಬಿಸಿಯಲ್ಲಿ ನಿಂತ ಗಾಡಿಯೆಲ್ಲ ವೇಪರ್ ಲಾಕ್ ಅಲ್ಲ. ಪೆಟ್ರೋಲ್ ವಾಸನೆ ಗಮ್ಮಂತ ಬರುತ್ತಿದ್ದರೆ ಅದು ತದ್ವಿರುದ್ಧ. ಕಾರ್ಬೊರೇಟರ್ ಒಳಗೆ ಪೆಟ್ರೋಲ್ ಕುದಿದು ಎಂಜಿನ್ನಿಗೆ ಜಾಸ್ತಿ ಇಳಿದಿದೆ, ಓವರ್‌ಫ್ಲೋ ಆಗಿದೆ. ಆಗ ಚೋಕ್ ಎಳೆಯಬಾರದು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ವಾಸನೆಯೂ ಇಲ್ಲ, ಪೆಟ್ರೋಲೂ ಬರುತ್ತಿದೆ ಅಂದರೆ ಕಿಡಿ ನೋಡಿ. ಬಿಸಿಯಾದಾಗ ಕೈ ಕೊಡುವ ಕಾಯಿಲ್, ಕಂಡೆನ್ಸರ್ ಎಷ್ಟೋ ಸಲ ಏರ್ ಲಾಕ್ ಹೆಸರಲ್ಲಿ ತಪ್ಪಿಸಿಕೊಂಡಿವೆ. ಇನ್ನೊಂದು ಮಾತು. ಕಾರ್ಬೊರೇಟರ್ ಬಾಯಿಗೆ ನೇರ ಪೆಟ್ರೋಲ್ ಸುರಿದು ಸ್ಟಾರ್ಟ್ ಮಾಡುವ ಅಭ್ಯಾಸ ಬಿಡಿ. ಎಂಜಿನ್ ಒಮ್ಮೆ ಹಿಮ್ಮುಖ ಸಿಡಿದರೆ ಬೆಂಕಿ ಮುಖಕ್ಕೇ ಬರುತ್ತದೆ. ಪೈಪಿಗೆ ಬಾಯಿಟ್ಟು ಎಳೆಯುವುದೂ ಬೇಡ. ಪೆಟ್ರೋಲ್ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಸಂಚಕಾರ.

ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್‌ವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಕಬ್ಬಿನ ಕಾಕಂಬಿಯಿಂದ ಎಥನಾಲ್ ಮಾಡುತ್ತಾರೆ ಅನ್ನುವುದು ಮಂಡ್ಯದವರಿಗೆ ಹೇಳಿಕೊಡಬೇಕಾಗಿಲ್ಲ. ಬೆಳೆಗಾರನಿಗೆ ಅದರಿಂದ ನಾಲ್ಕು ಕಾಸು ಬಂದರೆ ನನಗೆ ಸಂತೋಷವೇ. ಆದರೆ ಹಳೇ ರಬ್ಬರ್ ಪೈಪು, ಪಂಪಿನ ಹಳೇ ಡಯಾಫ್ರಮ್ ಎಥನಾಲ್‌ಗೆ ಮಾಡಿದ್ದಲ್ಲ. ಅವು ಉಬ್ಬುತ್ತವೆ, ಗಟ್ಟಿಯಾಗುತ್ತವೆ, ಸೀಳುತ್ತವೆ. ಎಥನಾಲ್ ನೀರನ್ನೂ ಹೀರಿಕೊಳ್ಳುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿಯ ಟ್ಯಾಂಕಿನ ತಳದಲ್ಲಿ ಅದು ತುಕ್ಕಿಗೆ ದಾರಿ. ಹಾಗಾಗಿ ಎಥನಾಲ್ ತಡೆಯುವ ಹೊಸ ಪೈಪನ್ನು ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಎಲ್ಲ ಕಡೆ ಒಂದೇ ಸಲ ಹಾಕಿಸಿ. ಒಂದು ತುಂಡು ಬಿಟ್ಟರೂ ಅದೇ ಮುಂದಿನ ಬೇಸಿಗೆಗೆ ಗಾಳಿ ಎಳೆಯುತ್ತದೆ.

ಬೈಕ್, ಸ್ಕೂಟರ್ ಕತೆ ಬೇರೆ. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ ಬಂದ ಜಾವಾ, ಯೆಜ್ಡಿಗಳಲ್ಲಿ ಪೆಟ್ರೋಲ್ ಪಂಪೇ ಇಲ್ಲ. ಟ್ಯಾಂಕ್ ಮೇಲೆ, ಕಾರ್ಬೊರೇಟರ್ ಕೆಳಗೆ. ಪೆಟ್ರೋಲ್ ತಾನೇ ಇಳಿಯುತ್ತದೆ. ಇಲ್ಲಿ ಎಳೆಯುವ ಪೈಪಿಲ್ಲ, ಹಾಗಾಗಿ ಮೊದಲ ಅರ್ಥದ ದೋಷವೂ ಇಲ್ಲ. ಮುಚ್ಚಳದ ತೂತಿನ ದೋಷ ಮಾತ್ರ ಧಾರಾಳವಾಗಿದೆ. ಆದರೆ ಏರ್ ಲಾಕ್‌ನ ಮೂಲ ಅರ್ಥ, ನಿಜವಾದ ಗಾಳಿಯ ಗುಳ್ಳೆ, ಕಾಣಸಿಗುವುದು ಇವುಗಳಲ್ಲೇ. ಯಾರೋ ಉದ್ದ ಪೈಪ್ ಹಾಕಿ ನಡುವೆ ಫಿಲ್ಟರ್ ಸೇರಿಸಿರುತ್ತಾರೆ. ಪೈಪು ಕೆಳಗಿಳಿದು ಮತ್ತೆ ಮೇಲೇರಿ ಕಮಾನಿನ ಹಾಗೆ ಬಾಗಿರುತ್ತದೆ. ಆ ಎತ್ತರದ ಬಾಗಿನಲ್ಲಿ ಗುಳ್ಳೆ ಕೂತರೆ, ಇಳಿಯುವ ಪೆಟ್ರೋಲಿನ ಅಷ್ಟಿಷ್ಟು ಭಾರಕ್ಕೆ ಅದು ಅಲುಗುವುದಿಲ್ಲ. ಪೈಪನ್ನು ಬೇಕಾದಷ್ಟೇ ಉದ್ದಕ್ಕೆ ಕತ್ತರಿಸಿ, ಟ್ಯಾಂಕಿನಿಂದ ಕಾರ್ಬೊರೇಟರ್‌ವರೆಗೆ ಎಲ್ಲೂ ಮೇಲೇರದ ಹಾಗೆ ಇಳಿಜಾರಾಗಿ ಹಾಕಿದರೆ ಗುಳ್ಳೆ ತಾನೇ ಟ್ಯಾಂಕಿಗೆ ವಾಪಸ್ ಏರಿಹೋಗುತ್ತದೆ.