ಕೀಲಿಮಣೆ ಎರಡು ಹೋಳಾದ ಕಥೆ

ಯಾವುದೇ ಸಾಧಾರಣ ಕೀಲಿಮಣೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಕ್ಯೂ ಕೀಲಿಯ ನೇರ ಕೆಳಗೆ ಎ ಇರುವುದಿಲ್ಲ, ಕಾಲು ಕೀಲಿಯಷ್ಟು ಬಲಕ್ಕೆ ಸರಿದಿರುತ್ತದೆ. ಅದರ ಕೆಳಗಿನ ಝಡ್ ಇನ್ನೂ ಅರ್ಧ ಕೀಲಿಯಷ್ಟು ಬಲಕ್ಕೆ ಹೋಗಿರುತ್ತದೆ. ಬಲಗೈಗೆ ಈ ಓರೆ ಹೇಗೋ ಒಗ್ಗುತ್ತದೆ. ಎಡಗೈಗೆ ಮಾತ್ರ ಇದು ತೀರಾ ತಿರುವುಮುರುವು: ಮುಂಗೈ ಒಂದು ದಿಕ್ಕಿನಿಂದ ಬಂದರೆ ಕೀಲಿಗಳು ಇನ್ನೊಂದು ದಿಕ್ಕಿಗೆ ಇಳಿಯುತ್ತವೆ.

ಯಾರ ಬೆರಳನ್ನೂ ಅಳೆದು ಮಾಡಿದ ಓರೆಯಲ್ಲ ಇದು. ಅಮೆರಿಕದ ಮಿಲ್ವಾಕಿಯ ಕ್ರಿಸ್ಟೋಫರ್ ಶೋಲ್ಸ್ ಮತ್ತು ಜೊತೆಗಾರರು 1868ರಲ್ಲಿ ಪೇಟೆಂಟ್ ಪಡೆದ ಬೆರಳಚ್ಚು ಯಂತ್ರವನ್ನು ರೆಮಿಂಗ್ಟನ್ ಕಂಪನಿ 1874ರಲ್ಲಿ ಮಾರುಕಟ್ಟೆಗೆ ತಂದಿತು. ಅದರಲ್ಲಿ ಪ್ರತಿ ಕೀಲಿಯ ಹಿಂದೆಯೂ ಒಂದು ಲೋಹದ ಸರಳು. ನಾಲ್ಕು ಸಾಲುಗಳ ಸರಳುಗಳು ಒಂದಕ್ಕೊಂದು ತಾಗದೆ ಹಿಂದಕ್ಕೆ ಹಾದುಹೋಗಬೇಕಾದರೆ ಸಾಲುಗಳನ್ನು ಅಕ್ಕಪಕ್ಕ ಸರಿಸಲೇಬೇಕಿತ್ತು. ಮೇಲಿನ ಸಾಲು ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ ಎಂದು ಶುರುವಾಗುವ ಕ್ವೆರ್ಟಿ ಅಕ್ಷರಕ್ರಮ ರೂಪುಗೊಂಡದ್ದೂ ಅದೇ ದಶಕದಲ್ಲಿ. ಅದು ಯಾಕೆ ಹಾಗೆಯೇ ಆಯಿತು ಎನ್ನುವ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ಒಮ್ಮತವಿಲ್ಲ. 1961ರಲ್ಲಿ ಐಬಿಎಂನ ಸೆಲೆಕ್ಟ್ರಿಕ್ ಯಂತ್ರ ಅಚ್ಚಿನ ಸರಳುಗಳನ್ನು ತೆಗೆದು ಅಕ್ಷರಗಳನ್ನೆಲ್ಲ ಹೊತ್ತ ಒಂದೇ ಗುಂಡನ್ನು ಇಟ್ಟಿತು. ಮುಂದೆ ಬಂದ ಕಂಪ್ಯೂಟರಿನ ಕೀಲಿಗಳ ಕೆಳಗೆ ತಂತಿ ಬಿಟ್ಟರೆ ಬೇರೇನೂ ಇರಲಿಲ್ಲ. ಸರಳು ಹೋಯಿತು, ಓರೆ ಉಳಿಯಿತು. ಅಷ್ಟರಲ್ಲಿ ಆ ಓರೆಯ ಮೇಲೆಯೇ ಕಲಿತ ಬೆರಳುಗಳು ಲೋಕದ ತುಂಬ ಇದ್ದವು.

ತಕರಾರು ಮಾತ್ರ ಬಹಳ ಹಳೆಯದು. 1915ರಲ್ಲೇ ಎಫ್. ಹೈಡ್ನರ್ ಎಂಬವರು ಕೀಲಿಗಳನ್ನು ಎರಡು ಗುಂಪಾಗಿ ಬೇರ್ಪಡಿಸಿದ ಯಂತ್ರಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. 1926ರಲ್ಲಿ ಜರ್ಮನಿಯ ಕ್ಲೋಕೆನ್‌ಬರ್ಗ್ ಇದನ್ನೇ ವಿವರವಾಗಿ ವಾದಿಸಿದರು. ಭುಜಗಳು ಅಗಲ, ಕೀಲಿಮಣೆ ಕಿರಿದು. ಹಾಗಾಗಿ ಮುಂಗೈಗಳು ಒಳಮುಖವಾಗಿ ಬರುತ್ತವೆ, ಬೆರಳುಗಳನ್ನು ನೇರ ಇಡಲು ಮಣಿಕಟ್ಟು ಕಿರುಬೆರಳಿನ ಕಡೆಗೆ ಬಾಗುತ್ತದೆ. ಅಂಗೈ ಪೂರ್ತಿ ನೆಲಮುಖವಾಗಬೇಕಾದ್ದರಿಂದ ಮುಂಗೈ ತಿರುಚಿಕೊಳ್ಳುತ್ತದೆ. ಕ್ರೋಮರ್ ಎಂಬ ಸಂಶೋಧಕರು 1972ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೀಲಿಮಣೆಯನ್ನು ಎರಡಾಗಿ ಸೀಳಿ, ಮನೆಯ ಮಾಡಿನಂತೆ ಎರಡೂ ಪಕ್ಕಕ್ಕೆ ಇಳಿಜಾರು ಕೊಟ್ಟು ನೋಡಿದರು. ನನ್ನ ಮಟ್ಟಿಗೆ ಇಡೀ ಇತಿಹಾಸದಲ್ಲಿ ಇದಕ್ಕಿಂತ ಮುಖ್ಯವಾದ ಹೆಜ್ಜೆ ಇನ್ನೊಂದಿಲ್ಲ. ವೇಗದ ಮಾತನ್ನು ಪಕ್ಕಕ್ಕಿಟ್ಟು ಕೈಯ ಭಂಗಿಯನ್ನೇ ಪ್ರಶ್ನೆಯಾಗಿಸಿದ ಕೆಲಸ ಅದು.

ಅಕ್ಷರಕ್ರಮವನ್ನು ತಿದ್ದಲು ಹೊರಟವರ ದಾರಿ ಬೇರೆ. ಆಗಸ್ಟ್ ಡ್ವೊರಾಕ್ ಮತ್ತು ವಿಲಿಯಂ ಡೀಲಿ 1936ರಲ್ಲಿ ಹೊಸ ಕ್ರಮಕ್ಕೆ ಪೇಟೆಂಟ್ ಪಡೆದರು: ಸ್ವರಗಳೆಲ್ಲ ಎಡಗೈಯ ನಡುಸಾಲಿಗೆ, ಹೆಚ್ಚು ಬಳಕೆಯ ವ್ಯಂಜನಗಳು ಬಲಗೈಗೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ನೌಕಾಪಡೆ ನಡೆಸಿದ ಪರೀಕ್ಷೆ ಡ್ವೊರಾಕ್ ಕ್ರಮವನ್ನು ಹೊಗಳಿತು. ಆದರೆ ಅದರಲ್ಲಿ ಡ್ವೊರಾಕ್ ಅವರದೇ ಕೈವಾಡವಿತ್ತು. 1956ರ ಇನ್ನೊಂದು ಸರ್ಕಾರಿ ಅಧ್ಯಯನ ಅಂಥ ಲಾಭ ಕಾಣಲಿಲ್ಲ ಎಂದಿತು. ವೇಗದ ಹೆಸರಿನಲ್ಲಿ ನಡೆದ ಈ ಜಗಳ ಬೆರಳಿನ ಆಯಾಸದ ಪ್ರಶ್ನೆಯನ್ನು ದಶಕಗಳ ಕಾಲ ಮರೆಮಾಡಿತು ಎಂಬುದು ನನ್ನ ಖಚಿತ ಅಭಿಪ್ರಾಯ.

1970ರ ದಶಕದಲ್ಲಿ ಬ್ರಿಟನ್ನಿನ ಲಿಲಿಯನ್ ಮಾಲ್ಟ್ ಮತ್ತು ಸ್ಟೀಫನ್ ಹೊಬ್ಡೆ ರೂಪಿಸಿದ ಮಾಲ್ಟ್ರಾನ್ ಕೀಲಿಮಣೆಯಲ್ಲಿ ಎರಡೂ ಕೈಗಳಿಗೆ ಒಳಬಾಗಿದ ಎರಡು ತಗ್ಗುಗಳಿದ್ದವು, ಹೆಬ್ಬೆರಳಿಗೆ ಪ್ರತ್ಯೇಕ ಕೀಲಿಗಳ ಗುಂಪಿತ್ತು. 1992ರಲ್ಲಿ ಕಿನೆಸಿಸ್ ಕಂಪನಿ ಇದೇ ಬಗೆಯ ಕೀಲಿಮಣೆಯನ್ನು ತಂದಿತು. 1993ರಲ್ಲಿ ಆ್ಯಪಲ್, 1994ರಲ್ಲಿ ಮೈಕ್ರೊಸಾಫ್ಟ್ ಕೂಡ ನಡುವೆ ಸೀಳಿದ ಕೀಲಿಮಣೆಗಳನ್ನು ಮಾರಿದವು. ಕಚೇರಿಗಳಲ್ಲಿ ಕೈನೋವಿನ ದೂರು ಹೆಚ್ಚಿದ್ದ ಕಾಲವದು. ಸೀಳಿದ ಕೀಲಿಮಣೆ ಮಣಿಕಟ್ಟನ್ನು ನೇರವಾಗಿಡಲು ನೆರವಾಗುತ್ತದೆ ಎನ್ನುವುದು ಅಧ್ಯಯನಗಳಲ್ಲಿ ಸ್ಪಷ್ಟವಾಗಿದೆ. ರೋಗವನ್ನೇ ತಡೆಯುತ್ತದೆ ಎನ್ನಲು ಅಷ್ಟು ಗಟ್ಟಿ ಪುರಾವೆಯಿಲ್ಲ. ಮಾರಾಟಗಾರರು ಈ ಎರಡನ್ನೂ ಬೆರೆಸಿ ಹೇಳುವಾಗ ಕೊಳ್ಳುವವರು ಎಚ್ಚರವಾಗಿರಬೇಕು.

ಇವೆಲ್ಲ ಕಾರ್ಖಾನೆಯ ಸರಾಸರಿ ಕೈಗೆ ಮಾಡಿದ ವಸ್ತುಗಳು. ಕಿರುಬೆರಳು ಗಿಡ್ಡವಾಗಿರುವವರು, ಅಂಗೈ ಸಣ್ಣದಾಗಿರುವವರು ಅದಕ್ಕೇ ಹೊಂದಿಕೊಳ್ಳಬೇಕಿತ್ತು. ಇದು ಬದಲಾದದ್ದು 2010ರ ದಶಕದಲ್ಲಿ. ಎರ್ಗೋಡಾಕ್ಸ್ ಎಂಬ ಪೂರ್ತಿ ಎರಡು ತುಂಡಾದ ಕೀಲಿಮಣೆಯ ನಕ್ಷೆಯನ್ನು ಅದರ ವಿನ್ಯಾಸಕರು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಅದರಲ್ಲಿ ಕೀಲಿಗಳು ಕಂಬಸಾಲಾಗಿ ನಿಂತಿದ್ದವು, ಪ್ರತಿ ಕಂಬಸಾಲೂ ಆಯಾ ಬೆರಳಿನ ಉದ್ದಕ್ಕೆ ತಕ್ಕಂತೆ ಮೇಲೆ ಕೆಳಗೆ ಸರಿದಿತ್ತು. 2015ರಲ್ಲಿ ಮ್ಯಾಟ್ ಅಡೆರೆತ್ ರೂಪಿಸಿದ ಡ್ಯಾಕ್ಟಿಲ್ ಇನ್ನೂ ಮುಂದೆ ಹೋಯಿತು. ಅದರ ಒಳಬಾಗಿದ ಕವಚವೇ ಒಂದು ಪ್ರೋಗ್ರಾಂ. ಬಾಗಿನ ಅಂಕಿ ಬದಲಿಸಿದರೆ ನಿಮ್ಮ ಕೈಗೆ ತಕ್ಕ ಕವಚ ತ್ರೀಡಿ ಮುದ್ರಕದಿಂದ ಹೊರಬರುತ್ತದೆ.

ಒಳಗಿನ ಕೆಲಸ ಹೊರಗಿನಿಂದ ಕಂಡಷ್ಟು ಕಷ್ಟವಲ್ಲ. ಮೂವತ್ತಾರು ಕೀಲಿಗಳ ಮಣೆಯೊಂದನ್ನು ತೆಗೆದುಕೊಳ್ಳಿ, ಒಂದೊಂದು ಹೋಳಿಗೆ ಹದಿನೆಂಟು. ಪ್ರತಿ ಕೀಲಿಗೂ ಒಂದೊಂದು ತಂತಿ ಎಳೆಯುವ ಬದಲು ಹೋಳಿಗೆ ನಾಲ್ಕು ಅಡ್ಡಸಾಲು, ಐದು ಕಂಬಸಾಲು ಮಾಡಿದರೆ ಮೈಕ್ರೊಕಂಟ್ರೋಲರಿನ, ಅಂದರೆ ಒಳಗಿನ ಪುಟ್ಟ ಕಂಪ್ಯೂಟರ್ ಚಿಪ್ಪಿನ, ಒಂಬತ್ತು ಪಿನ್ನು ಸಾಕು. ಅದು ಸಾಲುಗಳನ್ನು ಒಂದಾದ ಮೇಲೊಂದರಂತೆ, ಸೆಕೆಂಡಿಗೆ ನೂರಾರು ಸಲ ಸೋಸಿ ನೋಡುತ್ತದೆ. ತೊಡಕು ಒಂದೇ: ಚೌಕದ ಮೂರು ಮೂಲೆಗಳ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿದ್ಯುತ್ ಹಿಂದುಮುಂದಾಗಿ ಹರಿದು, ಒತ್ತದ ನಾಲ್ಕನೆಯದೂ ಒತ್ತಿದಂತೆ ತೋರುತ್ತದೆ. ಅದಕ್ಕೇ ಪ್ರತಿ ಸ್ವಿಚ್ಚಿಗೂ ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಒಂದು ಡಯೋಡ್. ಅದರ ಮೈಮೇಲಿನ ಕಪ್ಪು ಗೆರೆ ಎಲ್ಲದರಲ್ಲೂ ಒಂದೇ ಕಡೆಗಿರುವಂತೆ ಬೆಸೆಯಬೇಕು. ಒಂದು ತಿರುಗಿದರೂ ಆ ಕೀಲಿ ಮೂಕವಾಗುತ್ತದೆ. ಎರಡು ಹೋಳುಗಳನ್ನು ಜೋಡಿಸಲು ಹೆಡ್‌ಫೋನಿನಂಥ ತಂತಿಯನ್ನು ಬಳಸುವವರೇ ಹೆಚ್ಚು. ಕಂಪ್ಯೂಟರಿಗೆ ಸಿಕ್ಕಿಸಿರುವಾಗ ಅದನ್ನು ಎಳೆಯಬೇಡಿ. ಜಾರುವ ತುದಿ ವಿದ್ಯುತ್ತಿನ ಎಳೆಯನ್ನೂ ನೆಲದ (ಗ್ರೌಂಡ್) ಎಳೆಯನ್ನೂ ಕ್ಷಣಕಾಲ ಕೂಡಿಸಿ ಬೋರ್ಡನ್ನೇ ಸುಡಬಹುದು.

ಮಣೆ ಇಷ್ಟು ಚಿಕ್ಕದಾಗಲು ಸಾಧ್ಯವಾದದ್ದು ಕ್ಯೂಎಂಕೆಯಂಥ, ಕೀಲಿಮಣೆಯ ಚಿಪ್ಪಿನೊಳಗೇ ಕೂತು ಅದನ್ನು ನಡೆಸುವ ಮುಕ್ತ ಫರ್ಮ್‌ವೇರಿನಿಂದ. ಅದರಲ್ಲಿ ಒಂದು ಕೀಲಿಗೆ ಪದರಗಳ ಮೇಲೆ ಪದರ ಕೊಡಬಹುದು: ಹೆಬ್ಬೆರಳಿನಿಂದ ಒಂದನ್ನು ಒತ್ತಿಹಿಡಿದರೆ ಅಕ್ಷರಗಳ ಜಾಗಕ್ಕೆ ಅಂಕಿಗಳು, ಇನ್ನೊಂದನ್ನು ಹಿಡಿದರೆ ಬಾಣದ ಗುರುತುಗಳು. ಎರಡು ಹೆಬ್ಬೆರಳುಗಳಿಗೆ ಒಂದೇ ಉದ್ದನೆಯ ಸ್ಪೇಸ್ ಪಟ್ಟಿ ಕೊಟ್ಟು, ದುರ್ಬಲ ಕಿರುಬೆರಳಿಗೆ ಶಿಫ್ಟ್, ಎಂಟರ್, ಬ್ಯಾಕ್‌ಸ್ಪೇಸ್ ಎಲ್ಲವನ್ನೂ ಹೊರಿಸಿದ್ದ ಹಳೆಯ ಅನ್ಯಾಯ ಇಲ್ಲಿ ಸರಿಯಾಗುತ್ತದೆ. ನಲವತ್ತೆರಡು ಕೀಲಿಗಳ ಕೋರ್ನೆ, ಮೂವತ್ತನಾಲ್ಕರ ಫೆರಿಸ್ ಹೀಗೆ ಬಂದವು. ಬೆರಳು ಇರುವ ಜಾಗದಿಂದ ಒಂದು ಕೀಲಿಗಿಂತ ದೂರ ಹೋಗಬೇಕಾಗಿಲ್ಲ ಎಂಬುದೇ ಇವುಗಳ ಗುರಿ. ಚಾಕ್ ಎಂಬ ಗಿಡ್ಡ ಸ್ವಿಚ್ಚುಗಳನ್ನು ಬಳಸಿದರೆ ಕೀಲಿಗಳ ನಡುವಿನ ಅಂತರವನ್ನೂ 19.05 ಮಿಲಿಮೀಟರಿನಿಂದ ಅಕ್ಕಪಕ್ಕ 18ಕ್ಕೆ, ಮೇಲುಕೆಳಗೆ 17ಕ್ಕೆ ಇಳಿಸಬಹುದು.

ಅಕ್ಷರಕ್ರಮದ ಪ್ರಶ್ನೆಯೂ ಇಲ್ಲಿ ಮರಳಿ ಬಂತು, ಈ ಸಲ ಹೆಚ್ಚು ವಿವೇಕದಿಂದ. ಶೈ ಕೋಲ್ಮನ್ ಅವರ ಕೋಲ್‌ಮ್ಯಾಕ್ ಎಂಬ ಅಕ್ಷರಕ್ರಮ 2006ರಲ್ಲಿ ಬಂದಾಗ ಕ್ವೆರ್ಟಿಯ ಹದಿನೇಳು ಕೀಲಿಗಳನ್ನಷ್ಟೇ ಸರಿಸಿ, ಕತ್ತರಿಸು-ಅಂಟಿಸುಗಳ ಝಡ್, ಎಕ್ಸ್, ಸಿ, ವಿ ಕೀಲಿಗಳನ್ನು ಇದ್ದಲ್ಲೇ ಬಿಟ್ಟಿತು. ಬಳಸಿದವರಿಗೆ ಅದರ ಡಿ ಮತ್ತು ಎಚ್ ಅಕ್ಷರಗಳಿಗಾಗಿ ತೋರುಬೆರಳು ನಡುವಿಗೆ ಅಡ್ಡ ಚಾಚುವುದು ಕಾಡಿತು. ಅವೆರಡನ್ನೂ ಕೆಳಸಾಲಿಗೆ ಇಳಿಸಿದ ಮಾರ್ಪಾಡು ಇಂದು ಸೀಳು ಕೀಲಿಮಣೆಯವರಲ್ಲಿ ಮೂಲಕ್ಕಿಂತ ಹೆಚ್ಚು ಚಲಾವಣೆಯಲ್ಲಿದೆ ಎನಿಸುತ್ತದೆ.

ಚಿಕ್ಕ ಮಣೆಯಲ್ಲಿ ಕಂಟ್ರೋಲ್, ಆಲ್ಟ್, ಶಿಫ್ಟ್‌ಗಳಿಗೆ ಜಾಗವೆಲ್ಲಿ? ನಡುಸಾಲಿನ ಅಕ್ಷರಗಳೇ ಆ ಕೆಲಸ ಮಾಡುತ್ತವೆ: ತಟ್ಟಿದರೆ ಅಕ್ಷರ, ಹಿಡಿದರೆ ಕಂಟ್ರೋಲ್. ತಟ್ಟಿದ್ದೋ ಹಿಡಿದದ್ದೋ ಎಂದು ನಿರ್ಧರಿಸಲು ಕ್ಯೂಎಂಕೆ ಇಟ್ಟುಕೊಂಡಿರುವ ಗಡುವು ರೂಢಿಯಂತೆ 200 ಮಿಲಿಸೆಕೆಂಡು. ಒಂದು ಕೀಲಿ ಬಿಡುವ ಮೊದಲೇ ಮುಂದಿನದನ್ನು ಒತ್ತುವ ಅಭ್ಯಾಸದವರಿಗೆ ಅಕ್ಷರದ ಬದಲು ಏನೋ ಒಂದು ಆಜ್ಞೆ ಹೊರಡುತ್ತದೆ. ಗಡುವು ಹಿಗ್ಗಿಸಿದರೆ ಶಿಫ್ಟ್ ತಡವಾಗುತ್ತದೆ. ಎದುರು ಕೈಯ ಕೀಲಿ ಒತ್ತಿದಾಗ ಮಾತ್ರ ಹಿಡಿತವೆಂದು ಪರಿಗಣಿಸುವ ನಿಯಮ ಬಂದ ಮೇಲೆ ಈ ಕಿರಿಕಿರಿ ಬಹಳ ಮಟ್ಟಿಗೆ ತಗ್ಗಿದೆ. ಹೊಸಬರು ಮೊದಲ ವಾರದಲ್ಲೇ ಇದನ್ನು ಹಚ್ಚಿಕೊಳ್ಳದೆ, ಪದರಗಳು ಕೈಗೆ ಕೂತ ಮೇಲೆ ಒಂದೊಂದಾಗಿ ಸೇರಿಸುವುದು ಒಳ್ಳೆಯದು.

ಈಗಿನ ಕೆಲಸವೆಲ್ಲ ತಂತಿಯನ್ನೂ ತೆಗೆಯುವ ಕಡೆಗಿದೆ. ಕ್ಯೂಎಂಕೆಯ ಪರವಾನಗಿಗೂ ಬ್ಲೂಟೂತ್ ಚಿಪ್ ತಯಾರಕರ ಮುಚ್ಚಿದ ತಂತ್ರಾಂಶಕ್ಕೂ ಹೊಂದುವುದಿಲ್ಲವಾದ್ದರಿಂದ 2020ರಲ್ಲಿ ಝಡ್‌ಎಂಕೆ ಎಂಬ ಬೇರೆ ಫರ್ಮ್‌ವೇರ್ ಶುರುವಾಯಿತು. ಅದರಲ್ಲಿ ಒಂದು ಹೋಳು ಇನ್ನೊಂದರ ಮಾತನ್ನೂ ಕೇಳಿಸಿಕೊಂಡು ಕಂಪ್ಯೂಟರಿಗೆ ತಲುಪಿಸಬೇಕು. ಹಾಗಾಗಿ ಅದರ ಬ್ಯಾಟರಿ ಜೋಡಿಯದಕ್ಕಿಂತ ಎಷ್ಟೋ ಬೇಗ ಮುಗಿಯುತ್ತದೆ. ಇದಕ್ಕೆ ಪರಿಹಾರವಾಗಿ ಕಂಪ್ಯೂಟರಿನ ಯುಎಸ್‌ಬಿಗೆ ಒಂದು ಪುಟ್ಟ ಮೂರನೆಯ ತುಂಡನ್ನು ಸಿಕ್ಕಿಸಿ, ಎರಡೂ ಹೋಳುಗಳ ಹೊರೆಯನ್ನು ಅದಕ್ಕೆ ದಾಟಿಸುವ ಕ್ರಮ ಈಗ ಬಳಕೆಗೆ ಬಂದಿದೆ.